ಮೂರನೆಯ ತಲೆಮಾರಿನ ಲೆಕ್ಕ: ವಲಸೆ ಬಂದ ಕುಟುಂಬಗಳು ಮತ್ತು ಮನೆಮಾತು

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಜವಳಿ ವರ್ತಕರೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ನನ್ನ ಕಚೇರಿಗೆ ಬಂದು, ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ಅವರ ತಂದೆಯವರು ರಾಜಸ್ಥಾನದಿಂದ ದಾವಣಗೆರೆಗೆ ಬಂದು ಅಂಗಡಿ ತೆರೆದವರು. ಅಂಗಡಿಯ ನಿವೇಶನವನ್ನು ಕೊಳ್ಳುವಾಗ ಅವರ ತಮ್ಮ ಕೊಟ್ಟ ಹಣವು ಸಾಲವೋ ಅಥವಾ ಪಾಲು ಬಂಡವಾಳವೋ ಎಂಬ ಬಗ್ಗೆ ದಾಯಾದಿಗಳ ನಡುವೆ ತಕರಾರು ಎದ್ದಿತ್ತು. ಉತ್ತರವು ಆ ಪುಸ್ತಕದಲ್ಲಿಯೇ ಇದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ಅದನ್ನು ಓದಬಲ್ಲವರು ಎರಡೂ ಮನೆಗಳಲ್ಲಿ ಒಬ್ಬರೂ ಉಳಿದಿರಲಿಲ್ಲ.

ಪುಸ್ತಕವು ಮಹಾಜನಿ ಲಿಪಿಯಲ್ಲಿತ್ತು. ಉತ್ತರ ಭಾರತದ ಸಾಹುಕಾರರು ತಮ್ಮ ಬಹಿಗಳಿಗೆಂದು ಬಳಸುತ್ತಿದ್ದ ಈ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ‘ಕಾಕಾಜಿ ಅಜಮೇರ್ ಗಯೇ’ ಎಂದು ಬರೆದ ಪತ್ರವನ್ನು ‘ಕಾಕಾಜಿ ಆಜ್ ಮರ್ ಗಯೇ’ ಎಂದು ಓದಿಕೊಂಡು ಮನೆಯವರೆಲ್ಲ ಅತ್ತರೆಂಬ ಹಳೆಯ ಹಾಸ್ಯವನ್ನು ಮಾರವಾಡಿ ಸ್ನೇಹಿತರಿಂದ ಅನೇಕರು ಕೇಳಿರಬಹುದು. ನನ್ನ ಕಕ್ಷಿದಾರರು ಕನ್ನಡ ಶಾಲೆಯಲ್ಲಿ ಓದಿದವರು. ರೋಜುಕಿರ್ದಿಯನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದರು. ಅವರ ಮಕ್ಕಳದು ಇಂಗ್ಲಿಷ್ ಮಾಧ್ಯಮ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿ. ತಂದೆಯೊಡನೆ ಮಾರವಾಡಿಯಲ್ಲಿ ನಾಲ್ಕು ಮಾತು, ತಮ್ಮತಮ್ಮಲ್ಲಿ ಇಂಗ್ಲಿಷ್ ಬೆರೆತ ಕನ್ನಡ. ಒಂದೇ ಅಂಗಡಿ, ಮೂರು ತಲೆಮಾರು, ಮೂರು ಲಿಪಿ.

ಈ ಪ್ರಸಂಗವನ್ನು ಇಲ್ಲಿ ಹೇಳಲು ಕಾರಣವಿದೆ. ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾದ ನಂತರ, ಹೊರಗಿನಿಂದ ಬಂದವರ ಭಾಷೆಗಳಿಂದ ಕನ್ನಡವು ಹಿಂದೆ ಬೀಳುತ್ತಿದೆಯೇ ಎಂಬ ಚರ್ಚೆ ನಮ್ಮ ಪೇಟೆಯಲ್ಲಿಯೂ ನಡೆಯುತ್ತಿದೆ. ಅಮೆರಿಕದಲ್ಲಿ ಮಕ್ಕಳಿರುವ ಸದಸ್ಯರು ಇದಕ್ಕೆ ಇನ್ನೊಂದು ಪ್ರಶ್ನೆಯನ್ನು ಸೇರಿಸುತ್ತಾರೆ. ಅಲ್ಲಿನ ಅಧ್ಯಕ್ಷರು 2025ರ ಮಾರ್ಚ್ 1ರಂದು ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಘೋಷಿಸುವ ಆದೇಶಕ್ಕೆ ಸಹಿ ಹಾಕಿದರಲ್ಲ, ಸ್ಪ್ಯಾನಿಷ್ ಭಾಷೆಯಿಂದ ಇಂಗ್ಲಿಷಿಗೇ ಅಪಾಯ ಬಂದಿದೆಯೇ? ನಾನು ಭಾಷಾಶಾಸ್ತ್ರಜ್ಞನಲ್ಲ. ಆದರೆ ಇದು ಮೂಲತಃ ಆರಂಭಿಕ ಶಿಲ್ಕು, ಜಮಾ, ಖರ್ಚು ಮತ್ತು ಅಖೈರು ಶಿಲ್ಕಿನ ಪ್ರಶ್ನೆಯಾದುದರಿಂದ ಲೆಕ್ಕಪರಿಶೋಧಕನೊಬ್ಬನು ಮಾತನಾಡಿದರೆ ತಪ್ಪಾಗಲಾರದು.

ಮೊದಲು ಅಮೆರಿಕದ ವಿಚಾರ. ಪೆನ್ಸಿಲ್ವೇನಿಯಾದಲ್ಲಿ ನೆಲೆಸುತ್ತಿದ್ದ ಜರ್ಮನರು ಇಂಗ್ಲಿಷ್ ಕಲಿಯದೆ ತಮ್ಮನ್ನೇ ಜರ್ಮನರನ್ನಾಗಿ ಮಾಡಿಬಿಟ್ಟಾರೆಂದು ಬೆಂಜಮಿನ್ ಫ್ರಾಂಕ್ಲಿನ್ 1751ರಲ್ಲಿಯೇ ಆತಂಕಪಟ್ಟಿದ್ದರು. ಮುಂದೆ ಜರ್ಮನ್ ಶಾಲೆಗಳೂ ಪತ್ರಿಕೆಗಳೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನಡೆದವು. ಮೊದಲನೆಯ ಮಹಾಯುದ್ಧದ ಕಾಲದ ವಿರೋಧದಿಂದ ಅವು ಕುಸಿದವೆಂಬುದು ನಿಜವಾದರೂ, ಮನೆಗಳಲ್ಲಿ ಆ ಭಾಷೆಯ ಬಳಕೆ ಅದಕ್ಕೂ ಮೊದಲೇ ಇಳಿಯತೊಡಗಿತ್ತು. ಇಂದು ಅಮಿಷ್‌ರಂತೆ ಪ್ರತ್ಯೇಕವಾಗಿ ಬದುಕುವ ಕೆಲವು ಪಂಗಡಗಳನ್ನು ಬಿಟ್ಟರೆ ಆ ವಲಸೆಗಾರರ ಮರಿಮಕ್ಕಳಲ್ಲಿ ಜರ್ಮನ್ ಆಡುವವರು ವಿರಳ.

ಸ್ಪ್ಯಾನಿಷ್ ಆಡುವವರು ಮಾತ್ರ ಇಂದು ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು. ಈ ಅಖೈರು ಶಿಲ್ಕನ್ನು ಮಾತ್ರ ನೋಡಿದವರು ಗಾಬರಿಯಾಗುವುದು ಸಹಜ. ಆದರೆ ಖಾತೆಯೊಳಗಿನ ನಮೂದುಗಳನ್ನು ನೋಡಬೇಕು. ಮೂರನೆಯ ಅಥವಾ ಅದಕ್ಕೂ ಮುಂದಿನ ತಲೆಮಾರಿನ ಲ್ಯಾಟಿನೋ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಸ್ಪ್ಯಾನಿಷಿನಲ್ಲಿ ಸರಾಗವಾಗಿ ಮಾತನಾಡಲು ಬಾರದೆಂದು ಪ್ಯೂ ಸಂಶೋಧನಾ ಕೇಂದ್ರವು 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುತ್ತದೆ. ಮೆಕ್ಸಿಕೋದ ಗಡಿಗೆ ಅಂಟಿಕೊಂಡೇ ಇರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕೂಡ ಆ ಭಾಷೆ ಕೆಲವೇ ತಲೆಮಾರುಗಳಲ್ಲಿ ಕುಟುಂಬದಿಂದ ಮರೆಯಾಗುತ್ತದೆಂದು ರುಂಬೌಟ್, ಮ್ಯಾಸಿ ಮತ್ತು ಬೀನ್ ಎಂಬ ಮೂವರು ಸಮಾಜವಿಜ್ಞಾನಿಗಳು 2006ರಲ್ಲಿ ತೋರಿಸಿದ್ದರು. ಅಂದರೆ ಶಿಲ್ಕು ಹೆಚ್ಚಿರುವುದು ಹೊಸ ಜಮಾ ಬರುತ್ತಲೇ ಇದ್ದುದರಿಂದ. ಹಳೆಯ ಜಮಾ ಸದ್ದಿಲ್ಲದೆ ಖರ್ಚಾಗುತ್ತಲೇ ಇದೆ. ಹೊಸ ವಲಸೆ ನಿಂತರೆ ಆ ಖಾತೆಯೂ ಜರ್ಮನ್ ಖಾತೆಯ ದಾರಿಯನ್ನೇ ಹಿಡಿಯುವ ಸಂಭವ ಹೆಚ್ಚು. ಆದುದರಿಂದ ಇಂಗ್ಲಿಷಿನ ಭವಿಷ್ಯದ ಬಗ್ಗೆ ಯಾರೂ ನಿದ್ದೆಗೆಡಬೇಕಾಗಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ಇಲ್ಲಿನ ಲೆಕ್ಕ ಅಷ್ಟು ಸುಲಭವಲ್ಲ.

ದಾವಣಗೆರೆ ಪೇಟೆ ಬೆಳೆದದ್ದೇ ಹೊರಗಿನಿಂದ ಬಂದವರನ್ನು ಕರೆದು ಕೂರಿಸಿಕೊಂಡು. ಹೈದರ್ ಅಲಿಯು ಈ ಊರನ್ನು ಆಪೋಜಿ ರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರಿಗೆ ಉತ್ತೇಜನವಿತ್ತು ಇಲ್ಲಿ ನೆಲೆಗೊಳಿಸಿದನೆಂದೂ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದ ಕಾಲವದು. ಹರಿಹರದ ಕಥೆ ಬೇರೆ. ಅಲ್ಲಿಗೆ ಭಾಷೆಗಳನ್ನು ತಂದದ್ದು ಯಂತ್ರಗಳು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಾಗ ಮರಾಠಿ ಮನೆಮಾತಿನ ಕುಶಲಕರ್ಮಿಗಳೂ ಅಧಿಕಾರಿಗಳೂ ಬಂದರು. 1970ರ ದಶಕದಲ್ಲಿ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಬಂದಾಗ ಹಿಂದಿ, ರಾಜಸ್ಥಾನಿ ಮಾತುಗಳೂ ಬಂದವು. ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲು ಮುಚ್ಚಿ ಎರಡು ದಶಕಗಳೇ ಕಳೆದವು. ಆದರೆ ಲೇತ್ ಕೆಲಸ ಬಲ್ಲ ಕುಟುಂಬಗಳು ಕೆಲವು ಅಲ್ಲಿಯೇ ಉಳಿದು ತಮ್ಮದೇ ವರ್ಕ್‌ಶಾಪುಗಳನ್ನು ಕಟ್ಟಿಕೊಂಡಿವೆ. ಅವರ ಕನ್ನಡವನ್ನು ಕೇಳಿ ಅವರು ಬೇರೆ ಮನೆಮಾತಿನವರೆಂದು ಗುರುತಿಸಲು ಯಾರಿಂದಲೂ ಆಗದು.

ಅಮೆರಿಕದ ಸೂತ್ರದ ಪ್ರಕಾರ ಮೂರು ತಲೆಮಾರು ಕಳೆಯುವಷ್ಟರಲ್ಲಿ ಇವರೆಲ್ಲರ ಮನೆಮಾತು ಅಳಿಯಬೇಕಾಗಿತ್ತು. ಅಳಿಯಲಿಲ್ಲ. ನಮ್ಮ ಭಾವಸಾರ ಕ್ಷತ್ರಿಯ ಮತ್ತು ನಾಮದೇವ ಸಿಂಪಿ ಬಂಧುಗಳ ಮನೆಗಳಲ್ಲಿ ಮರಾಠಿ ಇಂದಿಗೂ ಇದೆ. ಸಾರಸ್ವತರ ಕೊಂಕಣಿಯು ಕನ್ನಡ ನಾಡಿನಲ್ಲಿ ಶತಮಾನಗಳನ್ನೇ ಕಳೆದು, ಕನ್ನಡ ಲಿಪಿಯಲ್ಲಿಯೇ ಬರೆಸಿಕೊಳ್ಳುತ್ತಾ ಬದುಕಿದೆ. ನನ್ನ ಮನೆಯನ್ನೇ ತೆಗೆದುಕೊಳ್ಳಿ. ನಾವು ಆರ್ಯವೈಶ್ಯರು, ಮನೆಯಲ್ಲಿ ಮಾತು ತೆಲುಗು. ಎಷ್ಟು ತಲೆಮಾರುಗಳ ಹಿಂದೆ ನಮ್ಮವರು ಈ ಕಡೆ ಬಂದರೆಂಬುದು ನನ್ನ ಅಜ್ಜನವರಿಗೂ ತಿಳಿದಿರಲಿಲ್ಲ. ತೆಲುಗು ಪತ್ರಿಕೆಯನ್ನು ನಾನು ಓದಲಾರೆ. ನಮ್ಮ ಲಗ್ನಪತ್ರಿಕೆಗಳು ಅಚ್ಚಾಗುವುದು ಕನ್ನಡದಲ್ಲಿ. ನನ್ನ ತೆಲುಗನ್ನು ಕೇಳಿ ವಿಜಯವಾಡದ ವ್ಯಾಪಾರಿಯೊಬ್ಬರು ಮುಗುಳ್ನಕ್ಕು, ‘ಇದು ಯಾವ ಊರಿನದು ಸ್ವಾಮಿ?’ ಎಂದು ಕೇಳಿದ್ದುಂಟು.

ಇಷ್ಟು ದೀರ್ಘಕಾಲ ಬಾಳಿದ್ದಕ್ಕೆ ನನಗೆ ತೋರುವ ಕಾರಣ ಮದುವೆ. ಸೊಸೆಯನ್ನು ಅದೇ ಸಮುದಾಯದಿಂದ, ಅದೇ ಮನೆಮಾತಿನವರಿಂದ ತರುವ ಪದ್ಧತಿ ಇದ್ದುದರಿಂದ ಪ್ರತಿಯೊಂದು ಮದುವೆಯೂ ಭಾಷೆಯ ಖಾತೆಗೆ ಒಂದು ಹೊಸ ಜಮಾ ಆಗುತ್ತಿತ್ತು. ಅಮೆರಿಕದ ಸ್ಪ್ಯಾನಿಷಿಗೆ ಗಡಿ ದಾಟಿ ಬರುವವರು ಮಾಡಿಕೊಟ್ಟ ಕೆಲಸವನ್ನು ನಮ್ಮಲ್ಲಿ ಸೊಸೆಯಂದಿರು ಮಾಡಿದರು. ಎರಡನೆಯದಾಗಿ, ಇಲ್ಲಿ ಯಾರೂ ಮನೆಮಾತನ್ನು ಬಿಡಬೇಕೆಂದು ಕೇಳಲಿಲ್ಲ. ಮಂಡಿಯಲ್ಲಿ ರೈತನೊಡನೆ ಕನ್ನಡ, ಅಡುಗೆಮನೆಯಲ್ಲಿ ತಮ್ಮ ಮಾತು. ಇದರಿಂದ ಕನ್ನಡಕ್ಕೆ ನಷ್ಟವಾಯಿತೇ? ನಾವು ನಿತ್ಯ ಬಳಸುವ ಜಮಾ, ಖರ್ಚು, ಬಾಕಿ, ವಸೂಲಿ, ದಲಾಲಿ, ಹುಂಡಿ, ಗುಮಾಸ್ತ ಇವೆಲ್ಲ ಹೊರಗಿನಿಂದ ಬಂದು ಕನ್ನಡವೇ ಆಗಿಹೋದ ಪದಗಳು. ಇವನ್ನು ತೆಗೆದುಹಾಕಿ ಒಂದು ದಿನದ ಕಿರ್ದಿಯನ್ನು ಬರೆದು ನೋಡಿ.

ಜನಗಣತಿಯ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. 2011ರ ಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇಕಡಾ 66, ಉರ್ದು ಸುಮಾರು 11, ತೆಲುಗು ಸುಮಾರು 6, ಮರಾಠಿ ಮತ್ತು ಹಿಂದಿ ತಲಾ ಮೂರಕ್ಕೆ ಸ್ವಲ್ಪ ಹೆಚ್ಚು. ಇದರಲ್ಲಿ ಹಿಂದಿಯ ಅಂಕಿಯನ್ನು ಹಿಡಿದು ವಾದಿಸುವವರು ಬಹಳ. ಆದರೆ ಗಣತಿಯವರು ಲಂಬಾಣಿ, ಮಾರವಾಡಿ, ರಾಜಸ್ಥಾನಿ ಮುಂತಾದ ಮಾತುಗಳನ್ನೆಲ್ಲ ಹಿಂದಿಯ ತಲೆಬರಹದ ಕೆಳಗೇ ಸೇರಿಸುತ್ತಾರೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ತಲೆತಲಾಂತರದಿಂದ ಬಾಳುತ್ತಿರುವ ಲಂಬಾಣಿಗರೂ, ನಿನ್ನೆ ರೈಲಿನಿಂದ ಇಳಿದ ಬಿಹಾರದ ಕಾರ್ಮಿಕನೂ ಒಂದೇ ಖಾತೆಯಲ್ಲಿ! ಇಂತಹ ವರ್ಗೀಕರಣವನ್ನು ಯಾವುದಾದರೂ ಸಂಸ್ಥೆಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಂಡಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಹಾಗಾದರೆ ಈಗ ಬದಲಾಗಿರುವುದೇನು? ಮನೆಮಾತುಗಳು ನಮ್ಮಲ್ಲಿಯೂ ಕುಸಿಯುತ್ತಿವೆ, ಮತ್ತು ಈ ಬಾರಿ ಕುಸಿತಕ್ಕೆ ಕಾರಣ ಬೀದಿಯ ಕನ್ನಡವಲ್ಲ, ಶಾಲೆಯ ಇಂಗ್ಲಿಷ್. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಕಡ್ಡಾಯ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪಿತ್ತಿತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದ ಕನ್ನಡವು ಒಂದು ವಿಷಯವಾಗಿ ಉಳಿದಿದೆ, ಅಷ್ಟೇ. ವ್ಯಾಪಾರದ ಬರಹವೂ ಅದೇ ದಾರಿ ಹಿಡಿದಿದೆ. 2005ರ ಏಪ್ರಿಲ್ 1ರಿಂದ ವ್ಯಾಟ್, 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂದ ಮೇಲೆ ಕನ್ನಡದಲ್ಲಿ ಕಿರ್ದಿ ಬರೆಯುವ ಗುಮಾಸ್ತರು ಒಬ್ಬೊಬ್ಬರಾಗಿ ನಿವೃತ್ತರಾದರು. 1986ರಲ್ಲಿ ಬೆಂಗಳೂರಿನಲ್ಲಿ ಟ್ಯಾಲಿ ತಂತ್ರಾಂಶವನ್ನು ಹುಟ್ಟುಹಾಕಿದವರು ಗೋಯೆಂಕಾ ಎಂಬ ಮಾರವಾಡಿ ಮನೆತನದ ತಂದೆ-ಮಗನೇ. ಅದರಲ್ಲಿ ಕನ್ನಡದಲ್ಲಿ ಬರೆಯುವ ಸೌಲಭ್ಯ ಬಂದಿದ್ದರೂ ಅದನ್ನು ಬಳಸುವ ವರ್ತಕರನ್ನು ನಾನು ಕಂಡದ್ದು ತೀರ ಕಡಿಮೆ. ತಪ್ಪು ಅವರದೆಂದು ಹೇಳಲಾರೆ. ನನ್ನ ಕಚೇರಿಯ ಲೆಕ್ಕಪತ್ರಗಳೂ ಇಂಗ್ಲಿಷಿನಲ್ಲಿಯೇ ಇವೆ.

ಮಾರವಾಡಿ ಮನೆಯ ಮೊಮ್ಮಗ ಮಾರವಾಡಿಯನ್ನು ಬಿಟ್ಟು ಕನ್ನಡಕ್ಕೆ ಬಂದು ನಿಂತರೆ ಕನ್ನಡಕ್ಕೆ ಜಮಾ. ಆದರೆ ಅವನು ಕನ್ನಡದಲ್ಲಿ ಮಾತನಾಡುತ್ತಾನೆ, ಓದುವುದಿಲ್ಲ. ಅವನ ಪಕ್ಕದ ಅಂಗಡಿಯ ಅಚ್ಚ ಕನ್ನಡಿಗರ ಮೊಮ್ಮಗನ ಸ್ಥಿತಿಯೂ ಅದೇ. ನಮ್ಮ ಸಹೋದರನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಮಗನನ್ನು ವಾರಾಂತ್ಯದ ಕನ್ನಡ ತರಗತಿಗೆ ಕಳುಹಿಸುತ್ತಾಳೆ. ಹುಡುಗ ಅ, ಆ, ಇ, ಈ ತಪ್ಪಿಲ್ಲದೆ ಬರೆಯುತ್ತಾನೆ. ಮನೆಯ ತೆಲುಗು ಮಾತ್ರ ಅವನಿಗೆ ಬಾರದು. ಫೋನಿನಲ್ಲಿ ನನ್ನ ತಾಯಿಯವರು ತೆಲುಗಿನಲ್ಲಿ ಏನಾದರೂ ಕೇಳಿದರೆ ಅವನು ತನ್ನ ಅಮ್ಮನ ಮುಖ ನೋಡುತ್ತಾನೆ. ಎಷ್ಟೋ ತಲೆಮಾರು ದಾವಣಗೆರೆಯಲ್ಲಿ ಉಳಿದ ಮಾತು ಅಲ್ಲಿ ಒಂದೇ ತಲೆಮಾರಿನಲ್ಲಿ ನಿಂತಿತು.

ಅಕ್ಕಿ ಗಿರಣಿ ಮತ್ತು ಕಟ್ಟಡ ಕೆಲಸಗಳಿಗೆ ಬಿಹಾರ, ಉತ್ತರ ಪ್ರದೇಶ, ಒಡಿಶಾಗಳಿಂದ ಬರುತ್ತಿರುವವರ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಅವರು ಕನ್ನಡ ಕಲಿಯುವುದಿಲ್ಲವೆಂಬ ದೂರು ಸಾಮಾನ್ಯ. ಕುಟುಂಬವನ್ನು ಊರಿನಲ್ಲಿಯೇ ಬಿಟ್ಟು, ಕೆಲವು ತಿಂಗಳು ದುಡಿದು ಹಿಂದಿರುಗುವವನಿಗೆ ಕಲಿಯುವ ಪ್ರಮೇಯವೇ ಇಲ್ಲ. ನಮ್ಮ ಮೇಸ್ತ್ರಿಗಳೇ ಹಿಂದಿ ಕಲಿತುಬಿಟ್ಟಿದ್ದಾರೆ. ಹೆಂಡತಿ ಮಕ್ಕಳೊಂದಿಗೆ ನೆಲೆಸಿದವನ ಮಗು ಸರ್ಕಾರಿ ಶಾಲೆಗೆ ಸೇರಿದರೆ ಎರಡೇ ವರ್ಷಗಳಲ್ಲಿ ದಾವಣಗೆರೆಯ ಕನ್ನಡವನ್ನು ಆಡುತ್ತದೆ. ಅಲ್ಲಿಯವರೆಗೆ ಬಾಯ್ಲರ್ ಮತ್ತು ಯಂತ್ರಗಳ ಬಳಿಯ ಎಚ್ಚರಿಕೆಯ ಫಲಕಗಳನ್ನು ಕನ್ನಡದ ಜೊತೆಗೆ ಅವರಿಗೆ ಓದಲು ಬರುವ ಭಾಷೆಯಲ್ಲಿಯೂ ಬರೆಸುವುದು ಮಾಲೀಕರ ಹಿತಕ್ಕೇ ಒಳ್ಳೆಯದು.

ಕೆಂಪು ಪುಸ್ತಕದ ವಿಷಯ ಬಾಕಿ ಉಳಿಯಿತು. ವಿಚಾರಿಸುತ್ತಾ ಹೋದಾಗ ಹುಬ್ಬಳ್ಳಿಯಲ್ಲಿ ಎಂಬತ್ತು ದಾಟಿದ ಮುನೀಮರೊಬ್ಬರು ಇರುವುದು ತಿಳಿಯಿತು. ಅವರು ಎರಡು ದಿನ ಕುಳಿತು, ಭೂತಗನ್ನಡಿ ಹಿಡಿದು, ಹನ್ನೊಂದು ಪುಟಗಳನ್ನು ಗಟ್ಟಿಯಾಗಿ ಓದಿದರು; ಹಿರಿಯ ಮಗ ಅದನ್ನು ಬರೆದುಕೊಂಡನು. ಚಿಕ್ಕಪ್ಪ ಕೊಟ್ಟ ಹಣ ಸಾಲದ ಖಾತೆಯಲ್ಲಿರಲಿಲ್ಲ, ಪಾಲಿನ ಖಾತೆಯಲ್ಲಿತ್ತು. ನನ್ನ ಕಕ್ಷಿದಾರರಿಗೆ ಇದು ನಷ್ಟದ ಓದು. ಆದರೂ ಅವರು ಆ ಬರಹವನ್ನು ಮುಚ್ಚಿಡಲಿಲ್ಲ. ನ್ಯಾಯಾಲಯಕ್ಕೆ ಹೋಗದೆ ಚಿಕ್ಕಪ್ಪನ ಮಕ್ಕಳಿಗೆ ಸಲ್ಲಬೇಕಾದ ಪಾಲನ್ನು ಕೊಟ್ಟು, ಪತ್ರ ಮಾಡಿಕೊಂಡರು.

ಇಂತಹ ಪುಸ್ತಕಗಳು ಮಹಾಜನಿಯಲ್ಲಿ, ಮರಾಠಿಯ ಮೋಡಿಯಲ್ಲಿ, ಗುಜರಾತಿಯಲ್ಲಿ ನಮ್ಮ ಸದಸ್ಯರ ಮನೆಗಳ ಅಟ್ಟಗಳಲ್ಲಿ ಇನ್ನೂ ಇವೆ. ಕ್ರಮಬದ್ಧವಾಗಿ ಬರೆದ ಲೆಕ್ಕಪುಸ್ತಕದ ನಮೂದು ನ್ಯಾಯಾಲಯದಲ್ಲಿ ಪ್ರಸ್ತುತವಾದರೂ, ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲು ಆಗದೆಂಬುದು ಹಳೆಯ ಸಾಕ್ಷ್ಯ ಕಾಯ್ದೆಯ 34ನೆಯ ಕಲಮಿನ ನಿಯಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಮುಂದುವರಿದಿದೆ. ಆದುದರಿಂದ ಪುಸ್ತಕದ ಜೊತೆಗೆ ಆ ಕಾಲದ ರಸೀದಿ, ಪತ್ರಗಳನ್ನೂ ಕಾಪಾಡಬೇಕು. ಪುಟಗಳ ಛಾಯಾಚಿತ್ರ ತೆಗೆಯಿರಿ; ಓದಬಲ್ಲ ಹಿರಿಯರಿಂದ ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿಕೊಳ್ಳಿ; ಪ್ರತಿ ಪುಟದ ಓದನ್ನು ಕನ್ನಡದಲ್ಲಿ ಬರೆದು, ಓದಿದವರ ಮತ್ತು ಕುಟುಂಬದ ಎರಡೂ ಕಡೆಯವರ ಸಹಿಯನ್ನು ದಿನಾಂಕದೊಂದಿಗೆ ಪಡೆಯಿರಿ. ನನ್ನ ಕಕ್ಷಿದಾರರ ಮನೆಯಲ್ಲಿ ಇನ್ನೂ ನಾಲ್ಕು ಪುಸ್ತಕಗಳಿದ್ದವು. ಅವನ್ನು ಓದಿಸಲು ದೀಪಾವಳಿ ಕಳೆಯಲಿ ಎಂದು ತಡೆದರು. ಅಷ್ಟರಲ್ಲಿ ಮುನೀಮರು ತೀರಿಕೊಂಡ ಸುದ್ದಿ ಹುಬ್ಬಳ್ಳಿಯಿಂದ ಬಂತು.