ಕುರ್ಚಿ ತೆಗೆದರೆ ಸಾಲದು



2025ರ ಜೂನ್ ತಿಂಗಳಲ್ಲಿ ನಮ್ಮ ಸೊಲ್ಲಾಪುರದಿಂದ ಗೋವೆಗೆ ಫ್ಲೈ 91 ಕಂಪನಿಯ ವಿಮಾನ ಹಾರಲು ಆರಂಭಿಸಿದ್ದು ತಮಗೆಲ್ಲ ತಿಳಿದೇ ಇದೆ. ಮುಂದೆ ಕೆಲವು ದಿನಗಳಲ್ಲಿ ಗೋವೆಯಲ್ಲಿರುವ ಮಗಳ ಮನೆಗೆ ನಾನೂ ನನ್ನ ಮೊಮ್ಮಗನೂ ಅದರಲ್ಲೇ ಹೋದೆವು. ಅರವತ್ತು ದಾಟಿದ ನನಗೆ ಅದು ಮೊದಲ ವಿಮಾನ ಪ್ರಯಾಣ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನ್ನಂಥವನು ವಿಮಾನದ ವಿಷಯ ಮಾತಾಡಲು ಯಾಕೆ ಬಂದ ಎಂದು ತಾವು ಕೇಳಬಹುದು. ಆ ಹುಡುಗ ಕೇಳಿದ ಒಂದು ಪ್ರಶ್ನೆಯೇ ಇದಕ್ಕೆಲ್ಲ ಕಾರಣ.

ನಾವು ಹತ್ತಿದ್ದು ಎಟಿಆರ್ 72 ಎಂಬ ಎರಡು ಪಂಖಗಳ ವಿಮಾನ. ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು 1981ರಲ್ಲಿ ಕೂಡಿ ಕಟ್ಟಿದ ಸಂಸ್ಥೆ ಇದನ್ನು ಫ್ರಾನ್ಸಿನ ತುಲೂಸ್ ಪಟ್ಟಣದಲ್ಲಿ ಜೋಡಿಸುತ್ತದೆ. ಇದು ಮೊದಲ ಸಲ ಹಾರಿದ್ದು 1988ರಲ್ಲಿ. ಇಂಥ ವಿಮಾನಗಳಿಗೆ ಟರ್ಬೊಪ್ರಾಪ್ ಎನ್ನುತ್ತಾರೆ. ಎಂಜಿನ್ ಜೆಟ್ ಜಾತಿಯದೇ, ಆದರೆ ಅದರ ಶಕ್ತಿಯ ಬಹುಪಾಲು ಪಂಖ ತಿರುಗಿಸಲು ಹೋಗುತ್ತದೆ. ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಜೆಟ್ಟಿಗಿಂತ ಇದು ನಿಧಾನ ಹೌದು. ಆದರೆ ಹತ್ತಿರದ ಊರುಗಳ ನಡುವೆ ಎಣ್ಣೆ ಕಡಿಮೆ ಕುಡಿಯುತ್ತದೆ, ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ. ಸುಮಾರು ಎಪ್ಪತ್ತು ಜನ ಕೂಡಬಹುದು.

ಹಿಂಬದಿಯ ಬಾಗಿಲಿನಿಂದ ಒಳಗೆ ಹೋಗಿ ಕುಳಿತ ಮೊಮ್ಮಗ ಉದ್ದಕ್ಕೂ ಕಣ್ಣು ಹಾಯಿಸಿ ಕೇಳಿದ: "ಅಜ್ಜಾ, ಈ ಕುರ್ಚಿ ಎಲ್ಲಾ ಕಿತ್ತು ಹಾಕಿದ್ರ ಒಳಗ ಎಷ್ಟು ಜ್ವಾಳದ ಚೀಲ ಹಿಡಿಸ್ತಾವ?"

ನಾನು ಎಸ್‌ಟಿ ಬಸ್ಸಿನ ಉದಾಹರಣೆ ಕೊಟ್ಟೆ. 2020ರ ಲಾಕ್‌ಡೌನ್ ಕಾಲದಲ್ಲಿ ಮಹಾರಾಷ್ಟ್ರದ ಎಸ್‌ಟಿ ತನ್ನ ಹಳೆಯ ಬಸ್ಸುಗಳನ್ನು ಸರಕು ಗಾಡಿಗಳನ್ನಾಗಿ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಕುರ್ಚಿ ತೆಗೆದರು, ಕಿಟಕಿ ಮುಚ್ಚಿದರು, ಚೀಲ ಹೇರಿದರು. ವಿಮಾನವೂ ಹಾಗೆಯೇ ಎಂದುಬಿಟ್ಟೆ. ಗೋವೆಯಲ್ಲಿ ಅಳಿಯ ನಕ್ಕ. ಅವನು ವಿಮಾನ ರಿಪೇರಿಯ ಕೆಲಸದಲ್ಲಿರುವವನು. "ಮಾವಾ, ಕುರ್ಚಿ ತೆಗೆಯೋದು ಎರಡು ದಿನದ ಕೆಲಸ. ತಿಂಗಳುಗಟ್ಟಲೆ ಹಿಡಿಯೋದು ಆಮೇಲಿನ ಕೆಲಸ" ಎಂದ. ಅವನಿಂದ ಕೇಳಿ, ಆಮೇಲೆ ಓದಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದ ಹೊಸತು. ಅದಕ್ಕೂ ಮುಂಚೆ ದಪ್ಪ ಲೆಡ್ಜರಿನಲ್ಲಿ ನಾನು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಮಾಡುತ್ತಿದ್ದರು. ಪಕ್ಕದಲ್ಲಿ ನಿಂತ ಜವಾನ ಕೂಡ "ಆ ನೀಲವ್ವ ಅಲ್ರಿ ಸಾಹೇಬ್ರ, ಈಕಿ ಬ್ಯಾರೆ" ಎಂದು ತಿದ್ದುತ್ತಿದ್ದ. ಅದು ಅವನ ಕೆಲಸವೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಲೆಡ್ಜರ್ ಹೋಯಿತು, ಅದರ ಜೊತೆಗೆ ಆ ಕಣ್ಣುಗಳೂ ಹೋದವು. ಒಂದು ತಿಂಗಳು ಒಬ್ಬ ವಿಧವೆಯ ಪಿಂಚಣಿ ಅದೇ ಹೆಸರಿನ ಬೇರೊಬ್ಬಳ ಖಾತೆಗೆ ನನ್ನ ಕೈಯಿಂದಲೇ ಜಮಾ ಆಯಿತು. ಆಕೆ ಹಳ್ಳಿಯಿಂದ ಮೂರು ಸಲ ಎಸ್‌ಟಿಯಲ್ಲಿ ಬಂದು "ನನ್ನ ರೊಕ್ಕ ಬಂದಿಲ್ರಿ" ಎಂದು ಹೇಳಿ ಹೋದ ಮೇಲೆ ತಪ್ಪು ಸಿಕ್ಕಿತು. ಇದ್ದ ಮನುಷ್ಯನನ್ನು ತೆಗೆದಾಗ, ಅವನು ಯಾರಿಗೂ ಹೇಳದೆ ಮಾಡುತ್ತಿದ್ದ ಕೆಲಸವೂ ಹೋಗಿಬಿಡುತ್ತದೆ ಎಂದು ಆಗ ಕಲಿತೆ.

ವಿಮಾನದಲ್ಲೂ ಇದೇ ಲೆಕ್ಕ. ಪ್ರಯಾಣಿಕ ಸುಮ್ಮನೆ ಕುಳಿತಿರುತ್ತಾನೆ ಎಂದು ನಾವು ತಿಳಿಯುತ್ತೇವೆ. ಆದರೆ ಅವನು ಮೂರು ಕೆಲಸ ಮಾಡುತ್ತಾನೆ. ತಾನೇ ನಡೆದು ಹೋಗಿ ತನ್ನ ಜಾಗದಲ್ಲಿ ಕೂಡುತ್ತಾನೆ. ತಾನೇ ಪಟ್ಟಿ ಬಿಗಿದುಕೊಳ್ಳುತ್ತಾನೆ. ಸುಟ್ಟ ವಾಸನೆ ಬಂದರೆ ಕೂಗುತ್ತಾನೆ. ಚೀಲಕ್ಕೆ ಕಾಲಿಲ್ಲ, ಕೈಯಿಲ್ಲ, ಮೂಗಿಲ್ಲ. ಅದಕ್ಕೆ ಈ ಮೂರನ್ನೂ ಹೊರಗಿನಿಂದ ಕೊಡಬೇಕು. ಪ್ರಯಾಣಿಕರ ವಿಮಾನವನ್ನು ಸರಕು ವಿಮಾನವಾಗಿಸುವುದು ಎಂದರೆ ಇದೇ.

ಮೊದಲು ಕಾಲಿನ ಮಾತು. ವಿಮಾನ ಒಂದು ತಕ್ಕಡಿ ಇದ್ದಂತೆ. ತೂಕವೆಲ್ಲ ಕೂಡಿ ಒಂದು ಬಿಂದುವಿನಲ್ಲಿ ಸಮತೋಲವಾಗಬೇಕು. ಆ ಬಿಂದು ಗೊತ್ತುಪಡಿಸಿದ ಎಲ್ಲೆ ಬಿಟ್ಟು ಹಿಂದೆ ಮುಂದೆ ಹೋಗಕೂಡದು. ಎಟಿಆರ್ ನೆಲದ ಮೇಲೆ ನಿಂತಾಗಲೂ ಜನ ಹಿಂಬದಿಯಿಂದ ಹತ್ತುವುದರಿಂದ ಮೂಗು ಮೇಲೆದ್ದು ಬಾಲ ನೆಲಕ್ಕೆ ಕೂಡದಿರಲೆಂದು ಬಾಲದ ಕೆಳಗೆ ಒಂದು ಊರುಗೋಲು ನಿಲ್ಲಿಸುತ್ತಾರೆ. ಸರಕು ಹೇರುವಾಗಲೂ ಅದು ಬೇಕೇ ಬೇಕು. ಕುರ್ಚಿ, ಮೇಲಿನ ಪೆಟ್ಟಿಗೆಗಳು, ಶೌಚಾಲಯ, ಚಹಾ ತಿಂಡಿಯ ಕಪಾಟು, ಜಮಖಾನೆ ಎಲ್ಲವನ್ನೂ ತೆಗೆದ ಮೇಲೆ ವಿಮಾನವನ್ನು ಹೊಸದಾಗಿ ತೂಗಿ, ಸಮತೋಲದ ಬಿಂದು ಎಲ್ಲಿಗೆ ಬಂತೆಂದು ಬರೆದಿಡುತ್ತಾರೆ. ಒಳಗಿನ ಉದ್ದವನ್ನು ಖಾನೆಗಳಾಗಿ ಹಂಚಿ, ಯಾವ ಖಾನೆಯಲ್ಲಿ ಎಷ್ಟು ಕಿಲೋ ಎಂದು ಮಿತಿ ಹಾಕುತ್ತಾರೆ. ಕುರ್ಚಿಯ ಕಾಲು ಊರುವ ಕಡೆಗಳಲ್ಲಿ ಮಾತ್ರ ಹೆಚ್ಚು ಭಾರ ತಾಳುತ್ತಿದ್ದ ನೆಲವನ್ನು ಉದ್ದಕ್ಕೂ ಗಟ್ಟಿ ಮಾಡುತ್ತಾರೆ.

ಎರಡನೆಯದು ಕೈಯ ಕೆಲಸ, ಅಂದರೆ ಪಟ್ಟಿ ಬಿಗಿಯುವುದು. ಎಪ್ಪತ್ತು ಜನ ಮತ್ತು ಅವರ ಗಂಟು ಮೂಟೆ ಸೇರಿ ಆರೂವರೆ ಏಳು ಟನ್ ಆಗುತ್ತದೆ. ಒಳಗಿನ ಸಾಮಾನು ತೆಗೆದು ಹಗುರಾದ ಎಟಿಆರ್ 72 ಸುಮಾರು ಎಂಟು ಟನ್ ಸರಕು ಹೊರುತ್ತದೆ. ಈ ಎಂಟು ಟನ್ನಿನ ಮುಂದೆ ಕೂಡುವವರು ಇಬ್ಬರು ಪೈಲಟ್ಟುಗಳು. ವಿಮಾನ ಎಲ್ಲಿಯಾದರೂ ಹೊಡೆದು ಥಟ್ಟನೆ ನಿಂತರೆ ಹಿಂದಿನ ಸರಕು ನಿಲ್ಲದೆ ಮುಂದಕ್ಕೆ ನುಗ್ಗುತ್ತದೆ. ಆದ್ದರಿಂದ ಪೈಲಟ್ಟಿನ ಕೋಣೆಗೂ ಸರಕಿಗೂ ನಡುವೆ ಗಟ್ಟಿ ಬಲೆಯನ್ನೋ ಗೋಡೆಯನ್ನೋ ಕಟ್ಟಬೇಕು. ಸರಕಿನ ತೂಕದ ಒಂಬತ್ತು ಪಟ್ಟು ನೂಕನ್ನು ಅದು ತಡೆಯಬೇಕೆಂದು ನಿಯಮ. ಎಂಟು ಟನ್ನಿಗೆ ಒಂಬತ್ತು ಪಟ್ಟು ಎಂದರೆ ಎಪ್ಪತ್ತೆರಡು ಟನ್. ಖಾನೆ ಖಾನೆಗಳ ನಡುವೆಯೂ ಬಲೆಗಳಿರುತ್ತವೆ.

ಮೂರನೆಯದು ಮೂಗು. ಇದೇ ಎಲ್ಲಕ್ಕಿಂತ ಹೆಚ್ಚಿನದು ಎಂದು ಅಳಿಯ ಹೇಳಿದ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಕಂಪನಿಯ ಬೋಯಿಂಗ್ 747 ಸರಕು ವಿಮಾನದಲ್ಲಿ, ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ ಇಬ್ಬರು ಪೈಲಟ್ಟುಗಳೂ ಸತ್ತರು. ಅದು ಬಹಳ ದೊಡ್ಡ ಜೆಟ್ ವಿಮಾನ. ಆದರೆ ಬೆಂಕಿಗೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ಹಾಗಾಗಿ ಒಳಗೋಡೆಗೆ ಬೇಗ ಉರಿಯದ ಹೊದಿಕೆ ಹಾಕುತ್ತಾರೆ, ಛಾವಣಿಯಲ್ಲಿ ಹೊಗೆ ಹಿಡಿಯುವ ಯಂತ್ರಗಳನ್ನು ಕೂಡಿಸುತ್ತಾರೆ. ಅವು ಕೂಗಿದರೆ ಪೈಲಟ್ಟುಗಳು ಆಮ್ಲಜನಕದ ಮುಖವಾಡ ಹಾಕಿಕೊಂಡು, ಸರಕಿನ ಕೋಣೆಗೆ ಹೋಗುವ ಗಾಳಿಯನ್ನು ನಿಲ್ಲಿಸಿ, ಹತ್ತಿರದ ನಿಲ್ದಾಣಕ್ಕೆ ಇಳಿಸಬೇಕು. ಒಲೆಯ ಬಾಯಿ ಮುಚ್ಚಿದರೆ ಬೆಂಕಿ ಕಂದುವ ಹಾಗೆ, ಗಾಳಿ ಸಿಗದೆ ಅದು ಅಡಗಲಿ ಎಂಬುದೇ ಉಪಾಯ.

ಕೋವಿಡ್ ಬಂದಾಗ ಖಾಲಿ ನಿಂತ ಪ್ರಯಾಣಿಕ ವಿಮಾನಗಳ ಕುರ್ಚಿಗಳ ಮೇಲೆಯೇ ಔಷಧಿ, ಮುಖಗವಸಿನ ಪೆಟ್ಟಿಗೆಗಳನ್ನು ಕಟ್ಟಿ ಒಯ್ದದ್ದು ತಮಗೆ ನೆನಪಿರಬಹುದು. ಅದು ಆಪತ್ಕಾಲದ ಏರ್ಪಾಡು. ಹೊಗೆ ಕಂಡರೆ ನೋಡಲೆಂದು ಒಳಗೆ ಸಿಬ್ಬಂದಿಯನ್ನು ಕಾವಲಿಗೆ ಕೂಡಿಸುತ್ತಿದ್ದರು. ಮನುಷ್ಯನ ಮೂಗನ್ನೇ ಮರಳಿ ತಂದು ಕೂಡಿಸಿದ ಹಾಗಾಯಿತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2022ರ ಜುಲೈ ಮುಗಿದ ಮೇಲೆ ಆ ವಿನಾಯಿತಿಯನ್ನು ನಿಲ್ಲಿಸಿತು.

ಇನ್ನು ಬಾಗಿಲು. ಎಟಿಆರ್‌ನಲ್ಲಿ ಜನ ಹಿಂದಿನಿಂದ ಹತ್ತುತ್ತಾರೆ, ಸಾಮಾನು ಮುಂಬದಿಯ ಎಡಗಡೆಯ ಬಾಗಿಲಿನಿಂದ ಹೋಗುತ್ತದೆ. ಆ ಬಾಗಿಲು ಸುಮಾರು ಒಂದೂಕಾಲು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಅದನ್ನೇ ಇಟ್ಟುಕೊಂಡರೆ ಪೆಟ್ಟಿಗೆಗಳನ್ನು ಒಂದೊಂದಾಗಿ ಕೈಯಿಂದ ಒಳಗೆ ಸೇರಿಸಬೇಕು. ಇದು ಕಡಿಮೆ ಖರ್ಚಿನ ಮಾರ್ಪಾಡು. ರೆಕ್ಕೆ ಮೇಲಿರುವುದರಿಂದ ಎಟಿಆರ್‌ನ ಹೊಟ್ಟೆ ನೆಲಕ್ಕೆ ಹತ್ತಿರ, ಎತ್ತುವ ದೊಡ್ಡ ಯಂತ್ರಗಳು ಬೇಕಿಲ್ಲ. ಹೀಗಾಗಿ ಚಿಕ್ಕ ಊರಿನ ನಿಲ್ದಾಣದಲ್ಲೂ ಈ ಕೆಲಸ ಸಾಗುತ್ತದೆ.

ಪ್ಯಾಲೆಟ್ ಮೇಲೆ ಕಟ್ಟಿದ ಸರಕನ್ನು ಒಮ್ಮೆಗೇ ನೂಕಬೇಕಾದರೆ ಆ ಬಾಗಿಲಿನ ಜಾಗದಲ್ಲಿ ದೊಡ್ಡ ಬಾಗಿಲು ಕೊರೆಯಬೇಕು. ಅದು 2.95 ಮೀಟರ್ ಅಗಲ, 1.80 ಮೀಟರ್ ಎತ್ತರ. ಕಷ್ಟ ಇರುವುದು ಇಲ್ಲಿ. ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚು, ವಿಮಾನದ ಮೈ ಗಾಳಿ ತುಂಬಿದ ಟ್ಯೂಬಿನ ಹಾಗೆ ಬಿಗಿದಿರುತ್ತದೆ. ಆ ಒತ್ತಡವನ್ನು ಬಾಗಿಲಿನ ವಿಸ್ತೀರ್ಣಕ್ಕೆ ಗುಣಿಸಿ ನೋಡಿದೆ. ಇಪ್ಪತ್ತು ಟನ್ನಿಗೂ ಮಿಗಿಲಾದ ಬಲ ಒಳಗಿನಿಂದ ಆ ಬಾಗಿಲನ್ನು ಹೊರಕ್ಕೆ ನೂಕುತ್ತದೆ. ಪ್ರತಿ ಹಾರಾಟಕ್ಕೂ ಒಮ್ಮೆ ಉಬ್ಬುವುದು, ಒಮ್ಮೆ ಇಳಿಯುವುದು. ಪಕ್ಕೆಲುಬಿನಂಥ ಪಟ್ಟಿಗಳನ್ನು ಕತ್ತರಿಸಿದ ಮೇಲೆ ಆ ಭಾರ ಹೊರಲು ಬಾಗಿಲ ಸುತ್ತ ಹೊಸ ಚೌಕಟ್ಟನ್ನೂ ದಪ್ಪ ತಗಡುಗಳನ್ನೂ ಕೂಡಿಸಿ ರಿವೆಟ್ ಹೊಡೆಯಬೇಕು. ನಮ್ಮ ಗಾಂವಟಿ ಗ್ಯಾರೇಜಿನ ಜಾಣತನ ಇಲ್ಲಿ ನಡೆಯದು. ವಿನ್ಯಾಸವನ್ನು ಲೆಕ್ಕದಲ್ಲೂ ಪರೀಕ್ಷೆಯಲ್ಲೂ ತೋರಿಸಿ ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್ ಎಂಬ ಮಂಜೂರಾತಿ ಪಡೆಯಬೇಕು. ಭಾರತದಲ್ಲಿ ನೋಂದಾದ ವಿಮಾನವಾದರೆ ನಮ್ಮ ಡಿಜಿಸಿಎ ಒಪ್ಪಬೇಕು.

ಇಷ್ಟು ಖರ್ಚು ಮಾಡಿ ಹಳೆಯ ವಿಮಾನವನ್ನೇ ಯಾಕೆ ಹಿಡಿಯಬೇಕು? ಇದು ನನಗೆ ತಿಳಿದ ಲೆಕ್ಕ. ಪ್ರಯಾಣಿಕ ವಿಮಾನ ಬೆಳಗಿನಿಂದ ರಾತ್ರಿಯವರೆಗೆ ಊರೂರು ತಿರುಗಿ ತನ್ನ ಸಾಲ ತೀರಿಸುತ್ತದೆ. ಕೊರಿಯರ್ ಸರಕಿನ ವಿಮಾನ ರಾತ್ರಿ ಒಮ್ಮೆ ಹೋಗಿ, ನಸುಕಿನಲ್ಲಿ ಒಮ್ಮೆ ಬಂದು, ಹಗಲೆಲ್ಲ ನಿಂತಿರುತ್ತದೆ. ನಿಂತ ವಿಮಾನಕ್ಕೆ ಗಳಿಕೆಯಿಲ್ಲ, ಬಡ್ಡಿಗೆ ಮಾತ್ರ ರಜೆಯಿಲ್ಲ. ಆದ್ದರಿಂದ ಬೆಲೆ ಇಳಿದ, ಆದರೆ ಇನ್ನೂ ಗಟ್ಟಿಯಾಗಿರುವ ವಿಮಾನವೇ ಈ ಧಂದೆಗೆ ಹೊಂದುತ್ತದೆ. ಅಮೆರಿಕದ ಫೆಡೆಕ್ಸ್ ಕಂಪನಿಯ ದೊಡ್ಡ ಜೆಟ್ಟುಗಳು ರಾತ್ರಿ ಮೆಂಫಿಸ್ ಊರಿನಲ್ಲಿ ಕೂಡುತ್ತವೆ. ಅಲ್ಲಿಂದ ಬಂದ ಸರಕನ್ನು ಚಿಕ್ಕ ಊರುಗಳಿಗೆ ಒಯ್ಯಲು ಅದು ಹೀಗೆ ಮಾರ್ಪಡಿಸಿದ ಎಟಿಆರ್ 42 ಮತ್ತು 72 ವಿಮಾನಗಳನ್ನು ಇಟ್ಟುಕೊಂಡಿತು. ಅದೇ ಕಂಪನಿ 2017ರಲ್ಲಿ ಕಾರ್ಖಾನೆಯಲ್ಲೇ ಸರಕಿಗೆಂದು ಕಟ್ಟುವ 30 ಹೊಸ ಎಟಿಆರ್ 72-600 ವಿಮಾನಗಳಿಗೆ ಬೇಡಿಕೆ ಇಟ್ಟಿತು. ಮೊದಲನೆಯದು 2020ರ ಡಿಸೆಂಬರಿನಲ್ಲಿ ಅದರ ಕೈ ಸೇರಿತು. ಅದಕ್ಕೆ ಪ್ರಯಾಣಿಕರ ಕಿಟಕಿಗಳೇ ಇಲ್ಲ. ಕೆಲಸ ಖಾತ್ರಿ ಇದ್ದವರು ಹೊಸದನ್ನೂ ಕೊಳ್ಳಬಲ್ಲರು ಎಂದಾಯಿತು.

ನಮ್ಮ ದೇಶಕ್ಕೆ ಈ ವಿಚಾರ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಇದರ ತಿರುವುಮುರುವು ಕೆಲಸ ನಡೆಯಿತು. ಸೈನ್ಯದ ಸರಕು ಹೊತ್ತ ಡಕೋಟಾಗಳನ್ನು ದುರಸ್ತಿ ಮಾಡಿ ಪ್ರಯಾಣಿಕರಿಗೆ ಸಜ್ಜುಗೊಳಿಸಿದರು. 1949ರಲ್ಲಿ ರಾತ್ರಿ ಟಪಾಲು ಯೋಜನೆ ಆರಂಭವಾದಾಗ ಮುಂಬಯಿ, ಕಲ್ಕತ್ತಾ, ದಿಲ್ಲಿ, ಮದ್ರಾಸಿನಿಂದ ಡಕೋಟಾಗಳು ಹೊರಟು ನಡುರಾತ್ರಿ ನಾಗಪುರದಲ್ಲಿ ಕೂಡಿ, ಚೀಲ ಬದಲಾಯಿಸಿಕೊಂಡು ಮರಳುತ್ತಿದ್ದವು. ಬ್ಯಾಂಕಿನ ಹಳಬರು ಅದನ್ನು ನೆನೆಯುತ್ತಿದ್ದುದನ್ನು ನಾನು ಕೇಳಿದ್ದೇನೆ. ಅರವತ್ತು ವರ್ಷಗಳ ಮೇಲೆ, 2009ರಲ್ಲಿ, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಡೆಕ್ಕನ್ 360 ಎಂಬ ಸರಕು ಕಂಪನಿಯನ್ನು ಅದೇ ನಾಗಪುರವನ್ನು ಕೇಂದ್ರ ಮಾಡಿಕೊಂಡು ಹಾರಿಸಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ವಿಮಾನ ಸಜ್ಜಾದರೆ ಆಗಲಿಲ್ಲ, ಹೋಗುವಾಗಲೂ ಬರುವಾಗಲೂ ಸರಕು ತುಂಬಬೇಕು.

ಇನ್ನು ಮೊಮ್ಮಗನಿಗೆ ಉತ್ತರ ಕೊಡಬೇಕು. ಎಂಟು ಟನ್ ಎಂದರೆ ಕ್ವಿಂಟಲ್ಲಿನ ಎಂಬತ್ತು ಚೀಲ. ಅದರ ಎರಡು ಪಟ್ಟನ್ನು ಹತ್ತು ಗಾಲಿಯ ಒಂದು ಲಾರಿ ಬಹಳ ಕಡಿಮೆ ಬಾಡಿಗೆಗೆ ಒಯ್ಯುತ್ತದೆ. ಆದ್ದರಿಂದ ನಮ್ಮ ಜೋಳವಾಗಲಿ ಸೊಲ್ಲಾಪುರದ ಚಾದರವಾಗಲಿ ಸದ್ಯಕ್ಕೆ ಲಾರಿಯಲ್ಲೇ ಹೋಗಲಿ. ತಡವಾದರೆ ಕೆಡುವ ಔಷಧಿ, ಯಂತ್ರ ನಿಂತಾಗ ಬೇಕಾಗುವ ಬಿಡಿಭಾಗ, ರಸ್ತೆಯೇ ಇಲ್ಲದ ಊರಿನ ರೇಷನ್, ಇವು ಇಂಥ ವಿಮಾನದ ಸರಕು. ಕೆನಡಾದ ಉತ್ತರದ ಹಿಮದ ಊರುಗಳಿಗೆ ಮುಂದೆ ಸರಕು, ಹಿಂದೆ ಜನ ಕೂಡುವಂತೆ ನಡುವೆ ಗೋಡೆ ಹಾಕಿದ ಎಟಿಆರ್ 42ಗಳು ಹಾರಿವೆ. ಅಲ್ಲಿ ಲಾರಿಯ ಮಾತೇ ಇಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗ ಕೇಳಿದ: "ಅಜ್ಜಾ, ಆ ನೀಲವ್ವಗ ರೊಕ್ಕ ಕೊಟ್ರಿಲ್ಲೋ?" ಕೊಟ್ಟೆವು. ಆ ದಿನದಿಂದ ಜಮಾ ಮಾಡುವ ಮುನ್ನ ಹೆಸರಿನ ಜೊತೆ ಗಂಡನ ಹೆಸರು, ಊರು ಎರಡನ್ನೂ ಗಟ್ಟಿಯಾಗಿ ಓದುವ ರೂಢಿ ಇಟ್ಟುಕೊಂಡೆ. ಪಕ್ಕದವರು ನಗುತ್ತಿದ್ದರು. ನಿವೃತ್ತನಾಗುವ ದಿನದವರೆಗೂ ಓದಿದೆ.

ತಾವು ಯಾವಾಗಲಾದರೂ ವಿಮಾನ ನಿಲ್ದಾಣಕ್ಕೆ ಹೋದರೆ ಎಟಿಆರ್‌ನ ಬಾಲದ ಕೆಳಗಿನ ಆ ಊರುಗೋಲನ್ನು ಒಮ್ಮೆ ನೋಡಿರಿ.