ಅನುಮಾನ, ಸಂಶಯ, ಸಂದೇಹ: ಒಂದು ಶಬ್ದವಿಚಾರ

ಮುಂಬಯಿಗೆ ಬಂದ ಹೊಸದರಲ್ಲಿ ನಾನು ಮಾಡಿದ ಒಂದು ಭಾಷಾಂತರದ ತಪ್ಪಿನಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ನಾನಿದ್ದ ಚಾಳಿನ ಸಮೀಪದ ಖಾನಾವಳಿಯಲ್ಲಿ ಹಳೆಯ ಮೈಸೂರು ಕಡೆಯ ಅಡುಗೆಯವನೊಬ್ಬನಿದ್ದನು. ಒಂದು ದಿನ ಅವನ ತಗಡಿನ ಪೆಟ್ಟಿಗೆ ಕಾಣೆಯಾಯಿತು. ಫಿರ್ಯಾದಿ ಕೊಡಲು ಅವನಿಗೆ ಮರಾಠಿ ಬಾರದು. ಅಷ್ಟಿಷ್ಟು ಬರುತ್ತಿದ್ದ ನಾನು ಜತೆಗೆ ಹೋದೆನು. "ಕೋಣೆಯ ಜತೆಗಾರನ ಮೇಲೆ ನನಗೆ ಅನುಮಾನ, ಸ್ವಾಮಿ" ಎಂದು ಅವನು ಹೇಳಿದುದನ್ನು ನಾನು ಯಾವ ಅಳುಕೂ ಇಲ್ಲದೆ, 'ಜತೆಗಾರನು ತೆಗೆದನೆಂದು ಇವನ ಅನುಮಾನ' ಎಂದು ಮರಾಠಿಯಲ್ಲಿ ಬರೆಯಿಸಿದೆನು. ಶಬ್ದವು ಎರಡು ಭಾಷೆಗಳಲ್ಲಿಯೂ ಒಂದೇ ಆಗಿರುವಾಗ ಚಿಂತೆಗೆ ಕಾರಣವೇನು? ಆದರೆ ಮರಾಠಿಯಲ್ಲಿ ಅನುಮಾನವೆಂದರೆ ಕುರುಹುಗಳನ್ನು ಕಂಡು ಮಾಡಿದ ನಿರ್ಣಯ. ಅಡುಗೆಯವನು ಕುರುಹುಗಳನ್ನು ನೋಡಿ ಕಳ್ಳನನ್ನು ಗೊತ್ತುಮಾಡಿದ್ದಾನೆಂದೇ ಆ ಕಾಗದವನ್ನು ಓದಿದವರು ತಿಳಿದರು. ಜತೆಗಾರನನ್ನು ಎರಡು ದಿನ ಕರೆಸಿ ಕೂರಿಸಿದರು. ಪೆಟ್ಟಿಗೆ ಆಮೇಲೆ ಬೇರೆಲ್ಲಿಯೋ ಸಿಕ್ಕಿತು. ಇಬ್ಬರೂ ಮತ್ತೆ ಒಂದೇ ಕೋಣೆಯಲ್ಲಿ ಮಲಗಬೇಕಾಯಿತು. ತಪ್ಪು ನನ್ನದೆಂದು ನನಗೆ ತಿಳಿದದ್ದು, ಹಿರಿಯ ಮರಾಠಿ ಮಿತ್ರರೊಬ್ಬರು ಎಲ್ಲವನ್ನೂ ಕೇಳಿ, "ಅಲ್ಲಿ ನೀವು ಸಂಶಯ ಎನ್ನಬೇಕಾಗಿತ್ತು" ಎಂದು ಹೇಳಿದಾಗ.

ಅಂದಿನಿಂದ ಈ ಶಬ್ದಗಳ ಮೇಲೆ ನನಗೊಂದು ಕಣ್ಣು. ಮೊದಲು ನಮ್ಮ ಕನ್ನಡದ ಅನುಮಾನವನ್ನೇ ನೋಡೋಣ. "ಅವನು ನಾಳೆ ಬರುವುದು ಅನುಮಾನ" ಎಂದರೆ ಬಾರದಿರುವುದೇ ಹೆಚ್ಚು ಸಂಭವವೆಂದು ಅರ್ಥ. "ಅವನು ನಿನ್ನೆಯೇ ಬಂದಿದ್ದಾನೆಂದು ಅನುಮಾನ" ಎಂದರೆ ಬಂದಿರುವುದೇ ಹೆಚ್ಚು ಸಂಭವವೆಂದು ಅರ್ಥ. ಒಂದೇ ಶಬ್ದದ ತಕ್ಕಡಿಯು ಒಮ್ಮೆ ಇಲ್ಲವೆಂಬ ಕಡೆಗೂ ಒಮ್ಮೆ ಹೌದೆಂಬ ಕಡೆಗೂ ವಾಲುತ್ತದೆ. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಎರಡು ಕ್ರಿಯಾಪದಗಳಿವೆ. ಮೊದಲನೆಯದಕ್ಕೆ 'ಡೌಟ್', ಎರಡನೆಯದಕ್ಕೆ 'ಸಸ್ಪೆಕ್ಟ್'. ಸ್ಕಾಟ್‌ಲೆಂಡಿನವರ ಮಾತಿನಲ್ಲಿ ಮಾತ್ರ 'ಮಳೆ ಬರುವುದೆಂದು ಡೌಟ್' ಎಂದರೆ ಮಳೆ ಬಂದೇಬಿಡುವುದೇನೋ ಎಂಬ ಅಂಜಿಕೆ. ಅವರು ನಮ್ಮಂತೆಯೇ ಎನ್ನಬೇಕು. ಕನ್ನಡಿಗನಿಗೆ ಇದರಿಂದ ತೊಡಕಾಗುವುದಿಲ್ಲ, ಏಕೆಂದರೆ 'ಎಂದು' ಎಂಬ ಅವ್ಯಯವೂ 'ಬರುವುದು' ಎಂಬ ಕೃದಂತವೂ ದಿಕ್ಕನ್ನು ತೋರಿಸಿಬಿಡುತ್ತವೆ. ಭಾಷಾಂತರ ಮಾಡುವವನಿಗೆ ಮಾತ್ರ ಇದು ಬಹು ದೊಡ್ಡ ತೊಡಕು.

ಸಂಸ್ಕೃತದಲ್ಲಿ 'ಅನು' ಎಂದರೆ ಹಿಂದೆ, ಅನುಸರಿಸಿ. 'ಮಾ' ಎಂದರೆ ಅಳೆ. ಹೊಗೆಯನ್ನು ಕಂಡು ಅದರ ಬೆನ್ನುಹಿಡಿದು ಬೆಂಕಿಯನ್ನು ಅಳೆಯುವುದು ಅನುಮಾನ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ಎಣಿಸುವ ನಾಲ್ಕು ಪ್ರಮಾಣಗಳಲ್ಲಿ ಇದು ಎರಡನೆಯದು. ಎಂದರೆ ಸಂಶಯವನ್ನು ಕಳೆಯುವ ಸಾಧನ. ಸಂಶಯವನ್ನು ಕಳೆಯತಕ್ಕ ಶಬ್ದವೇ ಕನ್ನಡದಲ್ಲಿ ಸಂಶಯವಾಗಿ ಕುಳಿತಿರುವುದು ಸೋಜಿಗವಲ್ಲವೆ? ದಾರಿ ಊಹಿಸಲಾಗದ್ದೇನೂ ಅಲ್ಲ. ಕಣ್ಣಾರೆ ಕಂಡುದಲ್ಲ, ಊಹಿಸಿದ್ದು, ಊಹಿಸಿದ್ದಾದುದರಿಂದ ಖಚಿತವಲ್ಲ, ಖಚಿತವಲ್ಲವಾದುದರಿಂದ ಶಂಕೆಗೆ ಎಡೆ. ಶಾಸ್ತ್ರಕಾರನು ಅನುಮಾನವನ್ನು ಪ್ರಮಾಣವೆಂದು ಗೌರವಿಸಿದನು; ಬಳಸುವ ಜನ ಅದನ್ನು ಅಷ್ಟಾಗಿ ನಂಬಲಿಲ್ಲ! ಈ ದಾರಿಯಲ್ಲಿ ನಮ್ಮ ಜತೆಗೆ ನಡೆದವರು ತೆಲುಗರು. ಅನುಮಾನವು ಪೆನುಭೂತವೆಂಬ ಅವರ ಗಾದೆಯನ್ನು ಹೈದರಾಬಾದಿನ ಮಿತ್ರರು ದಿನವೂ ಕೇಳುತ್ತಿರಬಹುದು. ಮರಾಠಿ, ಹಿಂದಿಗಳು ಹಳೆಯ ಅರ್ಥದ ಬಳಿಯಲ್ಲಿಯೇ ಉಳಿದವು. ದಿಲ್ಲಿಯಲ್ಲಿ ನಾಳಿನ ಹವೆಯ ವರದಿಯನ್ನು 'ಪೂರ್ವಾನುಮಾನ' ಎನ್ನುವಾಗ ಕನ್ನಡದ ಕಿವಿಗೆ ಮೋಡಗಳ ಮೇಲೆ ಪೊಲೀಸರು ಗುಮಾನಿಯಿಟ್ಟಂತೆ ಕೇಳಿಸುತ್ತದೆ.

ಉದಯನಾಚಾರ್ಯನು 'ನ್ಯಾಯಕುಸುಮಾಂಜಲಿ'ಯಲ್ಲಿ, ಅನುಮಾನವನ್ನು ಅಲ್ಲಗಳೆಯುವ ಚಾರ್ವಾಕನಿಗೆ ಉತ್ತರ ಕೊಡುತ್ತ, ಶಂಕೆ ಇದ್ದರೆ ಅನುಮಾನವೂ ಇದ್ದೇ ಇದೆ, ಶಂಕೆ ಇಲ್ಲವಾದರೆ ಕೇಳಲೇಬೇಕಾಗಿಲ್ಲ ಎಂಬರ್ಥದ ಮಾತನ್ನು ಹೇಳುತ್ತಾನೆ. ಮುಂದೊಂದು ದಿನ, ಬೇರೊಂದು ದೇಶದಲ್ಲಿ ಹೊಗೆ ಬೆಂಕಿಯಿಲ್ಲದೆ ಇದ್ದೀತೇನೋ ಎಂದು ಶಂಕಿಸಬೇಕಾದರೂ, ಕಾಣದ ಆ ದೇಶಕಾಲಗಳನ್ನು ಅನುಮಾನದಿಂದಲೇ ತಿಳಿಯಬೇಕಷ್ಟೆ ಎಂಬುದು ಅವನ ಯುಕ್ತಿ. ಈ ವಾದವನ್ನು ಕನ್ನಡಕ್ಕೆ ತರುವವನು 'ಅನುಮಾನ'ವನ್ನು ಹಾಗೆಯೇ ಇಟ್ಟನಾದರೆ, 'ಶಂಕೆ ಇದ್ದರೆ ಶಂಕೆ ಇದೆ' ಎಂಬ ಪುನರುಕ್ತಿಯಾಗಿ ವಾದದ ಜೀವವೇ ಹೋಗುವುದು. ದರ್ಶನಗ್ರಂಥಗಳ ಕನ್ನಡ ಅನುವಾದಕರು ಇಲ್ಲಿ ಎಡವದಿರುವುದು ಕಷ್ಟ.

ಇನ್ನು ಸಂಶಯ. ಇದರ ಧಾತು 'ಶೀ', ಮಲಗು ಎಂಬರ್ಥದ್ದು. ಶಯನ, ಶಯ್ಯೆಗಳು ಹುಟ್ಟಿದ್ದೂ ಇದರಿಂದಲೇ. 'ಸಮ್' ಎಂದರೆ ಒಟ್ಟಿಗೆ. ಎರಡು ತಿಳಿವಳಿಕೆಗಳು ಒಂದೇ ಹಾಸಿಗೆಯಲ್ಲಿ ಮಲಗಿದಂತೆ ಎಂದು ಇದನ್ನು ಬಿಡಿಸಿಕೊಳ್ಳಲು ನನಗೆ ಇಷ್ಟ. ಸಂಜೆಯ ಮಬ್ಬಿನಲ್ಲಿ ದೂರದಲ್ಲೊಂದು ಎತ್ತರದ ಆಕೃತಿ ಕಾಣುತ್ತದೆ. ಅದು ಮೋಟುಮರವೋ ಮನುಷ್ಯನೋ? ತರ್ಕಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಮೋಟುಮರದ ಮುಂದೆ ನಿಂತವನೇ. ಒಂದೇ ವಸ್ತುವಿನಲ್ಲಿ ಪರಸ್ಪರ ವಿರುದ್ಧವಾದ ಧರ್ಮಗಳನ್ನು ಮುಟ್ಟುವ ಜ್ಞಾನ ಸಂಶಯವೆಂದು ಅನ್ನಂಭಟ್ಟನ 'ತರ್ಕಸಂಗ್ರಹ'ದ ಲಕ್ಷಣ. ಗೌತಮನು ನ್ಯಾಯಸೂತ್ರದಲ್ಲಿ ಎಣಿಸಿದ 16 ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ. ಪ್ರಮಾಣ, ಪ್ರಮೇಯಗಳಾದೊಡನೆಯೇ ಅದು ಬರುತ್ತದೆ. ತೀರ ತಿಳಿಯದುದರ ವಿಷಯದಲ್ಲಿಯೂ ಆಗಲೇ ನಿರ್ಣಯವಾದುದರ ವಿಷಯದಲ್ಲಿಯೂ ನ್ಯಾಯಕ್ಕೆ ಕೆಲಸವಿಲ್ಲ, ಸಂಶಯವಿದ್ದಲ್ಲಿಯೇ ಕೆಲಸ ಎಂದು ಭಾಷ್ಯಕಾರ ವಾತ್ಸ್ಯಾಯನನ ಅಭಿಪ್ರಾಯ. ಮೀಮಾಂಸಕರ ಅಧಿಕರಣದಲ್ಲಿಯೂ ವಿಷಯವನ್ನು ಹೇಳಿದೊಡನೆ ಸಂಶಯವನ್ನೆತ್ತಬೇಕು. ಅದಿಲ್ಲದೆ ಪೂರ್ವಪಕ್ಷವಿಲ್ಲ, ಸಿದ್ಧಾಂತವಿಲ್ಲ. ಗೀತೆಯ ನಾಲ್ಕನೆಯ ಅಧ್ಯಾಯವು ಸಂಶಯಾತ್ಮನಿಗೆ ನಾಶವನ್ನು ಹೇಳಿರುವುದನ್ನೇ ಕೇಳಿ ಬೆಳೆದ ನಮಗೆ, ಶಾಸ್ತ್ರದ ಮನೆಯಲ್ಲಿ ಸಂಶಯಕ್ಕೆ ಹಾಕಿರುವ ಮಣೆಯು ಅಷ್ಟಾಗಿ ಕಾಣಲಿಲ್ಲ.

ಸಂದೇಹದ ಧಾತು 'ದಿಹ್', ಬಳಿ, ಮೆತ್ತು ಎಂಬರ್ಥದ್ದು. ದೇಹವೂ ಇದರಿಂದಲೇ ಬಂದಿತು. ಮೆತ್ತಿ ಮಾಡಿದ್ದು ದೇಹ. ಒಂದರ ಮೇಲೊಂದು ಬಳಿದು ಗುರುತು ಸಿಗದಂತಾದದ್ದು ಸಂದೇಹ. ನಾದಿದ ಹಿಟ್ಟಿಗೆ ಇಂಗ್ಲಿಷಿನವರು ಹೇಳುವ 'ಡೋ' ಎಂಬ ಶಬ್ದವೂ ಇದೇ ಮೂಲದ್ದೆಂದು ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಇದರ ಭೂತಕೃದಂತವಾದ 'ಸಂದಿಗ್ಧ'ವು ಹಿಂದಿಯಲ್ಲಿ ಪೊಲೀಸರು ಹುಡುಕುವ ಮನುಷ್ಯ. ಕನ್ನಡದಲ್ಲಿ ನಮ್ಮನ್ನು ಸಿಕ್ಕಿಸುವ ಪರಿಸ್ಥಿತಿ. ನಮ್ಮವರ ಕಿವಿಗೆ ಅದರಲ್ಲಿ ಇಕ್ಕಟ್ಟಾದ 'ಸಂದಿ'ಯೊಂದು ಕೇಳಿಸಿ ಅರ್ಥವು ಆ ಕಡೆಗೆ ಜಾರಿರಬಹುದೆಂದು ನನ್ನ ಊಹೆ. (ಅನುಮಾನವೆಂದು ಬರೆಯಲು ಈಗ ಕೈ ಹಿಂಜರಿಯುತ್ತದೆ.)

ಅಮರಸಿಂಹನು ಸಂಶಯದ ಪರ್ಯಾಯಗಳಲ್ಲಿ ವಿಚಿಕಿತ್ಸಾ, ಸಂದೇಹಗಳೊಡನೆ 'ದ್ವಾಪರ'ವನ್ನೂ ಸೇರಿಸಿದ್ದಾನೆ. ಜೂಜಿನಲ್ಲಿ ಕೃತ, ತ್ರೇತಾ, ದ್ವಾಪರ, ಕಲಿ ಎಂದು ನಾಲ್ಕು ಹೆಸರುಗಳು. ಎರಡರ ಗರ ದ್ವಾಪರ. ಸಂಶಯಕ್ಕೂ ಎರಡೆಂಬ ಸಂಖ್ಯೆಗೂ ಇರುವ ಈ ನಂಟು ಲೋಕವ್ಯಾಪಿಯಾದದ್ದು. ಲ್ಯಾಟಿನ್ನಿನ 'ದುಬಿತಾರೆ' ಎಂಬುದರಲ್ಲಿ ಎರಡೆಂಬರ್ಥದ 'ದುಒ' ಅಡಗಿದೆ. ಜರ್ಮನರ 'ತ್ಸ್ವೈಫೆಲ್'ನಲ್ಲಿ ಅವರ 'ತ್ಸ್ವೈ' ಇದೆ. ಲ್ಯಾಟಿನ್ ಶಬ್ದವು ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ 'ಡೌಟ್' ಆಗಿ ಬಂದಾಗ ಅದರಲ್ಲಿ ಬಕಾರವಿರಲಿಲ್ಲ. ಲ್ಯಾಟಿನ್ ಕಲಿತ ಪಂಡಿತರು ಮೂಲದ ಗೌರವಾರ್ಥವಾಗಿ ಅದನ್ನು ಬರವಣಿಗೆಯಲ್ಲಿ ತಂದು ಸೇರಿಸಿದರು. ಜನ ಮಾತ್ರ ಅದನ್ನು ಉಚ್ಚರಿಸಲೇ ಇಲ್ಲ. 1590ರ ದಶಕದ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ, ಬಕಾರವನ್ನು ಬಿಟ್ಟು ನುಡಿಯುವವರ ಮೇಲೆ ಹರಿಹಾಯುವ ಹೊಲೊಫರ್ನೀಸ್ ಎಂಬ ಉಪಾಧ್ಯಾಯನನ್ನು ಷೇಕ್ಸ್‌ಪಿಯರ್ ನಗೆಗೀಡುಮಾಡಿದ್ದಾನೆ. ಅಂಥ ಉಪಾಧ್ಯಾಯರನ್ನು ನಾವೂ ಕಂಡಿಲ್ಲದಿಲ್ಲ. ಸಂಸ್ಕೃತದ ಹಂಗಿಲ್ಲದೆ ಕನ್ನಡವೂ ಈ ಎರಡನ್ನು ಬಲ್ಲುದು. "ಅದರಲ್ಲಿ ಎರಡು ಮಾತಿಲ್ಲ" ಎನ್ನುವ ಹಳ್ಳಿಯ ಮುದುಕ ಲ್ಯಾಟಿನ್ ಓದಿದವನಲ್ಲ.

ಶಂಕೆಯ ಕಥೆ ಬೇರೆ. ಅದರಲ್ಲಿ ತಿಳಿವಳಿಕೆಗಿಂತ ಭಯದ ಪಾಲೇ ಹೆಚ್ಚು. ಹೊಯ್ಸಳ ದೊರೆಗಳ ಶಾಸನಗಳಲ್ಲಿ ಬರುವ 'ನಿಶ್ಶಂಕಪ್ರತಾಪ ಚಕ್ರವರ್ತಿ' ಎಂಬ ಬಿರುದಿನ ಅರ್ಥ, ಆ ದೊರೆಗೆ ತರ್ಕದ ಪ್ರಶ್ನೆಗಳೆಲ್ಲ ಬಗೆಹರಿದಿದ್ದವೆಂದಲ್ಲ. ಅವನ ಪ್ರತಾಪಕ್ಕೆ ಅಂಜಿಕೆಯೆಂಬುದಿಲ್ಲವೆಂದು. ಮಧ್ಯಕಾಲದ ಇಂಗ್ಲಿಷಿನಲ್ಲಿ 'ಡೌಟ್'ಗೂ ಭಯವೆಂಬ ಅರ್ಥವಿತ್ತು. ಫ್ರೆಂಚಿನ 'ರೆದುತೆ' ಇಂದಿಗೂ ಅಂಜು ಎಂಬರ್ಥದ ಕ್ರಿಯಾಪದ. ಜೈನರು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿಶ್ಶಂಕೆಯನ್ನು ಮೊದಲಿಗಿಟ್ಟರು. ಅಲ್ಲಿ ಶ್ರದ್ಧೆ, ಧೈರ್ಯಗಳೆರಡೂ ಕೂಡಿವೆ. ಲಘುಶಂಕೆಯೆಂಬ ಮರ್ಯಾದೆಯ ಮಾತಿಗೂ ಇದೇ ಶಂಕೆ ಹೇಗೆ ಒದಗಿತೆಂಬುದನ್ನು ವಾಚಕರ ಊಹೆಗೇ ಬಿಡುತ್ತೇನೆ.

ವಿಚಿಕಿತ್ಸೆಯು ನಮ್ಮ ಬಳಕೆಯಲ್ಲಿ ಉಳಿಯಲಿಲ್ಲ, ಉಳಿಯಬೇಕಾಗಿತ್ತು. ಅರಿ ಎಂಬರ್ಥದ 'ಚಿತ್' ಧಾತುವಿನ ಇಚ್ಛಾರೂಪದಿಂದ ಚಿಕಿತ್ಸೆ ಹುಟ್ಟಿತು: ಅರಿಯಬೇಕೆನ್ನುವುದು, ಆರೈಕೆಯಿಂದ ನೋಡುವುದು, ಕಡೆಗೆ ರೋಗಕ್ಕೆ ಮದ್ದು ಮಾಡುವುದು. ಕಠೋಪನಿಷತ್ತಿನಲ್ಲಿ ನಚಿಕೇತನು ಯಮನ ಮುಂದೆ ಇಡುವುದು ಒಂದು ವಿಚಿಕಿತ್ಸೆಯನ್ನೇ. ಸತ್ತವನು ಇರುವನೆಂದು ಕೆಲವರು, ಇಲ್ಲವೆಂದು ಕೆಲವರು. ದೇವತೆಗಳಿಗೂ ಇದು ತೀರದ ಶಂಕೆ, ಬೇರೇನಾದರೂ ಕೇಳು ಎಂದು ಯಮನು ನುಣುಚಿಕೊಳ್ಳಲು ನೋಡಿದರೂ ಹುಡುಗನು ಬಿಡಲಿಲ್ಲ. ಬೌದ್ಧರು ಅದೇ ಶಬ್ದವನ್ನು ಧ್ಯಾನಕ್ಕೆ ಅಡ್ಡವಾದ ಐದು ನೀವರಣಗಳಲ್ಲಿ ಒಂದೆಂದು ಎಣಿಸಿದರು. ಮರಾಠಿಯ ವಿದ್ವಾಂಸರು 'ಚಿಕಿತ್ಸಕ ವೃತ್ತಿ' ಎಂದರೆ ವಿಮರ್ಶಕ ಬುದ್ಧಿ. ಪುಣೆಯಲ್ಲಿ ಅದು ಹೊಗಳಿಕೆಯೂ ಹೌದು, ಸಂದರ್ಭ ನೋಡಿ ಬೈಗುಳವೂ ಹೌದು.

ಗುಮಾನಿ ಬಂದುದು ಪಾರಸಿಯಿಂದ. ಪಾರಸಿಯ 'ಗುಮಾನ್' ಎಂದರೆ ಊಹೆ, ಶಂಕೆ. ಪ್ರಾಚೀನ ಇರಾಣಿಯ ಭಾಷೆಯ 'ವಿ' ಎಂಬುದು ಪಾರಸಿಯಲ್ಲಿ 'ಗು' ಆಗುತ್ತದೆ. ವಿಶ್ತಾಸ್ಪನೆಂಬ ಅರಸನು ಗುಶ್ತಾಸ್ಪನಾದುದು ಹೀಗೆಯೇ. ಅದರಂತೆ 'ಗುಮಾನ್' ಎಂಬುದನ್ನು 'ವಿ'ಯೂ 'ಮನ್' ಧಾತುವೂ ಸೇರಿದ ರೂಪವೆಂದು ಬಿಡಿಸಿದರೆ, ಅದು ನಮ್ಮ ವಿಮನಸ್ಕನ ದೂರದ ದಾಯಾದಿ. ಜರಥುಷ್ಟ್ರ ಮತದವರ 'ಶ್ಕಂದ್ ಗುಮಾನೀಗ್ ವಿಜಾರ್' ಎಂಬ ಒಂಬತ್ತನೆಯ ಶತಮಾನದ ಗ್ರಂಥದ ಹೆಸರಿನಲ್ಲಿಯೇ ಈ ಶಬ್ದವಿದೆ. ಸಂಶಯವನ್ನು ಮುರಿಯುವ ವಿವರಣೆಯೆಂದು ಅದರ ತಾತ್ಪರ್ಯ. ಹಿಂದಿಯಲ್ಲಿ ಗುಮಾನ್ ಎಂದರೆ ಗರ್ವವೂ ಆಯಿತು. ನಮ್ಮಲ್ಲಿ ಅದು ಪೊಲೀಸರ ಜತೆಗೆ ಬಂದು ಅವರ ಜತೆಗೇ ಉಳಿಯಿತು.

ನಾಮಪದಗಳೆಲ್ಲ ಹೀಗೆ ಕಡವಾಗಿ ಬಂದುವೆಂದ ಮಾತ್ರಕ್ಕೆ ಕನ್ನಡಕ್ಕೆ ಸಂಶಯಪಡಲು ಸ್ವಂತದ ಸಾಧನವಿಲ್ಲವೆಂದಲ್ಲ. ಅದು ಇರುವುದು ಕ್ರಿಯಾಪದದ ಒಳಗೆ. ಮಳೆ ಬಂದೀತು, ಅವನು ಬಂದಾನು, ಅವಳು ಕೊಟ್ಟಾಳು ಎಂಬ ಸಂಭಾವನಾರೂಪಗಳನ್ನು ಶಾಲೆಯ ವ್ಯಾಕರಣವು ಸಂಶಯವನ್ನೋ ಊಹೆಯನ್ನೋ ತೋರುವ ರೂಪವೆಂದು ಕಲಿಸುತ್ತದೆ. 'ಅಪ್ಪ ಬಂದಾರು' ಎನ್ನುವುದರಲ್ಲಿ ಎದುರುನೋಡುವುದೂ ಇದೆ, 'ಬಿದ್ದೀಯೆ!' ಎನ್ನುವುದರಲ್ಲಿ ತಾಯಿಯ ಭಯವೂ ಇದೆ. ಇದಕ್ಕೆ ಬೇರೆ ನಾಮಪದ ಬೇಡ, ಅವ್ಯಯ ಬೇಡ. ಪರನಾಡಿನ ನಮ್ಮ ಮನೆಗಳಲ್ಲಿ ಮೊದಲು ಸವೆಯುವುದು ಈ ರೂಪವೇ ಎಂಬುದನ್ನು ನಾನು ಗಮನಿಸಿದ್ದೇನೆ. ನನ್ನ ಮಕ್ಕಳು 'ಬರಬಹುದು' ಎನ್ನುತ್ತಾರೆ. ಮೊಮ್ಮಕ್ಕಳು 'ಬರ್ತಾರೆ, ಮೇ ಬಿ' ಎನ್ನುತ್ತಾರೆ.

ಆ ಮೊಮ್ಮಕ್ಕಳದೇ ಮತ್ತೊಂದು ಮಾತು, "ಅಜ್ಜ, ಒಂದು ಡೌಟು." ಇಂಗ್ಲೆಂಡಿನವರು ಇದನ್ನು ತಪ್ಪೆನ್ನುವರು, ಕೇಳುವುದು ಪ್ರಶ್ನೆಯಾದರೆ ಪ್ರಶ್ನೆಯೆನ್ನಬೇಕೆಂದು ಅವರ ಮತ. ಆದರೆ ಪಾಠಶಾಲೆಯಲ್ಲಿ ಗುರುವಿನ ಮುಂದೆ ಶಿಷ್ಯನು ಎತ್ತುತ್ತಿದ್ದುದು ಶಂಕೆಯನ್ನು, ಪಡೆಯುತ್ತಿದ್ದುದು ಸಮಾಧಾನವನ್ನು. ಮರಾಠಿ ಶಾಲೆಗಳಲ್ಲಿ ಇಂದಿಗೂ ಪಾಠ ಮುಗಿದ ಮೇಲೆ 'ಕಾಹೀ ಶಂಕಾ?' ಎಂದು ಕೇಳುತ್ತಾರೆ. ತಮಿಳರ 'ಸಂದೇಗಂ' ಕೂಡ ಅದೇ. ಮಕ್ಕಳ ಬಾಯಲ್ಲಿ ಶಬ್ದ ಇಂಗ್ಲಿಷಾಗಿದ್ದರೂ ಅರ್ಥ ಇಲ್ಲಿಯದೇ ಎಂದು ನನಗೆ ತೋರುತ್ತದೆ. ನನ್ನ ಮೊಮ್ಮಗಳ ಮೊನ್ನೆಯ ಡೌಟು, ಮರಾಠಿ ಪುಸ್ತಕದಲ್ಲಿ 'ಅನುಮಾನ' ಎಂದಿರುವಲ್ಲಿ ಅರ್ಥ ಕೂಡುವುದಿಲ್ಲವಲ್ಲ, ಏಕೆ ಎಂಬುದಾಗಿತ್ತು. ಅವಳಿಗೆ ಖಾನಾವಳಿಯ ಅಡುಗೆಯವನ ಕಥೆಯನ್ನು ಹೇಳಿದೆನು. ಪೆಟ್ಟಿಗೆಯಲ್ಲಿ ಏನಿತ್ತು ಎಂದು ಅವಳು ಕೇಳಿದಳು. ಅದನ್ನು ನಾನು ಅಂದು ಅವನನ್ನು ಕೇಳಿಯೇ ಇರಲಿಲ್ಲ.