ಮೀನುಗಿಡುಗದ ಮೊದಲ ಪಯಣ

ಆಗಸ್ಟ್ ತಿಂಗಳು ಮುಗಿಯುತ್ತ ಬಂದಿದೆ. ಸ್ಕಾಟ್ಲೆಂಡಿನ ಸರೋವರವೊಂದರ ದಡದಲ್ಲಿ ಎತ್ತರವಾದ ಪೈನ್ ಮರ. ಅದರ ತುದಿಯಲ್ಲಿ ಕಡ್ಡಿಗಳನ್ನು ಒಟ್ಟಿ ಕಟ್ಟಿದ ದೊಡ್ಡ ಗೂಡು. ಗೂಡಿನ ಅಂಚಿನಲ್ಲಿ ಮೀನುಗಿಡುಗದ ಮರಿಯೊಂದು ಕುಳಿತಿದೆ. ಅದು ಮೊಟ್ಟೆಯೊಡೆದು ಬಂದು ಇನ್ನೂ ಮೂರು ತಿಂಗಳು ತುಂಬಿಲ್ಲ. ತಾಯಿಹಕ್ಕಿ ಆಗಲೇ ದಕ್ಷಿಣದತ್ತ ಹೊರಟುಹೋಗಿದೆ. ತಂದೆಹಕ್ಕಿ ಮಾತ್ರ ಉಳಿದು ಮೀನು ತಂದು ಕೊಡುತ್ತಿದೆ. ಒಂದು ಬೆಳಗ್ಗೆ ಮರಿಯು ರೆಕ್ಕೆ ಬಿಚ್ಚಿ ಮೇಲೇರುತ್ತದೆ. ಮತ್ತೆ ಗೂಡಿಗೆ ಮರಳುವುದಿಲ್ಲ. ಅದು ಸೇರಬೇಕಾದ ನೆಲೆ ಸುಮಾರು 5,000 ಕಿಲೋಮೀಟರ್ ದೂರದ ಪಶ್ಚಿಮ ಆಫ್ರಿಕ. ಜೊತೆಗಾರರಿಲ್ಲ, ದಾರಿ ತೋರುವವರೂ ಇಲ್ಲ.

ಇಂಗ್ಲಿಷಿನಲ್ಲಿ ಆಸ್ಪ್ರೇ ಎಂದು ಕರೆಯಲ್ಪಡುವ ಈ ಹಕ್ಕಿಗೆ ಮೀನೇ ಆಹಾರ. ನೀರಿನ ಮೇಲೆ ಸುಳಿದಾಡಿ, ಮೀನು ಕಂಡೊಡನೆ ಕಾಲುಗಳನ್ನು ಮುಂದೆ ಚಾಚಿ ಅದು ಧುಮುಕುತ್ತದೆ. ಅಂಗಾಲಿನಲ್ಲಿರುವ ಮುಳ್ಳಿನಂತಹ ಒರಟು ಹುರುಪೆಗಳು ಮೀನನ್ನು ಜಾರಲು ಬಿಡುವುದಿಲ್ಲ. ಚಳಿಗಾಲದಲ್ಲಿ ಉತ್ತರದ ಸರೋವರಗಳು ಹೆಪ್ಪುಗಟ್ಟಿ, ಮೀನುಗಳು ಆಳಕ್ಕೆ ಇಳಿಯುತ್ತವೆ. ಆದುದರಿಂದಲೇ ಈ ವಲಸೆ. ಕರ್ನಾಟಕದ ಕಬಿನಿ, ಭದ್ರಾ ಜಲಾಶಯಗಳಲ್ಲಿಯೂ ಚಳಿಗಾಲದಲ್ಲಿ ಈ ಜಾತಿಯ ಹಕ್ಕಿಗಳು ಕಾಣಸಿಗುತ್ತವೆ. ಅವು ಉತ್ತರದ ನಾಡುಗಳಿಂದ ಬರುವ ಅತಿಥಿಗಳು.

ವಲಸೆಯ ಹಕ್ಕಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾನವನನ್ನು ಬಹುಕಾಲ ಕಾಡಿತು. 1899ರಲ್ಲಿ ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಮಾರ್ಟೆನ್ಸನ್ ಎಂಬಾತನು ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಮ್ ಉಂಗುರ ತೊಡಿಸುವ ಕ್ರಮವನ್ನು ಆರಂಭಿಸಿದನು. ಆದರೆ ಉಂಗುರವು ತಿಳಿಸುವುದು ಎರಡೇ ಸಂಗತಿ: ಹಕ್ಕಿ ಎಲ್ಲಿಂದ ಹೊರಟಿತು, ಎಲ್ಲಿ ಸಿಕ್ಕಿತು. ನಡುವಣ ದಾರಿಯೆಲ್ಲ ಕತ್ತಲೆ. ಆ ಕತ್ತಲೆಯನ್ನು ಕಳೆದುದು ಕೃತಕ ಉಪಗ್ರಹ. ಗೂಡಿನಲ್ಲಿರುವ ಮರಿ ಬೆಳೆದು, ಇನ್ನೂ ಹಾರಲು ಕಲಿಯುವ ಮುನ್ನ, ತಜ್ಞರು ಅದರ ಬೆನ್ನಿಗೆ ಪುಟ್ಟ ಯಂತ್ರವೊಂದನ್ನು ಮೃದುವಾದ ಪಟ್ಟಿಗಳಿಂದ ಕಟ್ಟುತ್ತಾರೆ. ಅದರ ತೂಕ ಕೆಲವೇ ಹತ್ತು ಗ್ರಾಮ್. ಹಕ್ಕಿಯದು ಸುಮಾರು ಒಂದೂವರೆ ಕಿಲೋಗ್ರಾಮ್. ಸೂರ್ಯನ ಬೆಳಕಿನಿಂದ ಶಕ್ತಿ ಪಡೆಯುವ ಯಂತ್ರವು ಹಕ್ಕಿ ಇರುವ ಸ್ಥಳ, ಎತ್ತರ, ವೇಗಗಳನ್ನು ಗುರುತಿಸಿ ಉಪಗ್ರಹದ ಮೂಲಕ ಭೂಮಿಗೆ ಕಳುಹಿಸುತ್ತದೆ. ಭೂಪಟದ ಮೇಲೆ ಚುಕ್ಕೆಯ ಪಕ್ಕದಲ್ಲಿ ಚುಕ್ಕೆ ಮೂಡಿ ಪಯಣದ ರೇಖೆಯಾಗುತ್ತದೆ.

ಆ ರೇಖೆಗಳು ಸಾಮಾನ್ಯವಾಗಿ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್, ಮೊರಾಕೊಗಳ ಮೇಲೆ ಸಾಗಿ, ಸಹರಾ ಮರುಭೂಮಿಯನ್ನು ದಾಟಿ, ಸೆನೆಗಲ್, ಗ್ಯಾಂಬಿಯಾ ಮುಂತಾದ ದೇಶಗಳ ನದೀಮುಖಗಳನ್ನು ಮುಟ್ಟುತ್ತವೆ. ನೆಲದ ಮೇಲೆ ಹಗಲಿನಲ್ಲಿ ಬಿಸಿಗಾಳಿ ಮೇಲೇಳುತ್ತದೆ. ಹಕ್ಕಿ ಅದನ್ನು ಏರಿ ಶ್ರಮವಿಲ್ಲದೆ ತೇಲಬಲ್ಲದು. ಸಮುದ್ರದ ಮೇಲಾದರೋ ಆ ನೆರವು ಇಲ್ಲ. ರೆಕ್ಕೆ ಬಡಿಯುತ್ತಲೇ ಇರಬೇಕು. ಅನುಭವಿ ಹಕ್ಕಿ ಗಾಳಿಗೆ ದಾರಿ ತಪ್ಪಿದರೆ ತಿದ್ದಿಕೊಳ್ಳುತ್ತದೆ. ಮರಿಗೆ ಆ ಜಾಣ್ಮೆ ಇನ್ನೂ ಬಂದಿರುವುದಿಲ್ಲ. ಮೂಡಣ ಗಾಳಿ ಬಲವಾಗಿ ಬೀಸಿದರೆ ಅದು ಅಟ್ಲಾಂಟಿಕ್ ಸಾಗರದತ್ತ ಸರಿಯುತ್ತದೆ. ನೀರಿನ ಮೇಲೆ ಎಷ್ಟೋ ದೂರ ಸಾಗಿ ಅಲ್ಲಿಯೇ ನಿಂತುಹೋದ ರೇಖೆಗಳೂ ಉಂಟು.

ಹಾಗಾದರೆ ಮರಿಗೆ ದಿಕ್ಕನ್ನು ಹೇಳಿಕೊಟ್ಟವರು ಯಾರು? ಈ ಪ್ರಶ್ನೆಗೆ ಮಧ್ಯ ಇಂಗ್ಲೆಂಡಿನ ರಟ್ಲೆಂಡ್ ಜಲಾಶಯದಲ್ಲಿ ಸೊಗಸಾದ ಉತ್ತರ ದೊರೆಯಿತು. ಬೇಟೆಗಾರರಿಂದಲೂ ಮೊಟ್ಟೆ ಸಂಗ್ರಹಿಸುವವರಿಂದಲೂ ಬ್ರಿಟನ್ನಿನಲ್ಲಿ ಈ ಹಕ್ಕಿಯ ಸಂತತಿ ಅಳಿದುಹೋಗಿತ್ತು. 1954ರಲ್ಲಿ ಸ್ಕಾಟ್ಲೆಂಡಿನಲ್ಲಿ ಅದು ಮತ್ತೆ ಗೂಡುಕಟ್ಟಿತು. 1996ರಿಂದ 2001ರವರೆಗೆ ಅಲ್ಲಿಂದ 64 ಮರಿಗಳನ್ನು ರಟ್ಲೆಂಡಿಗೆ ತಂದು, ಮನುಷ್ಯರೇ ಮೀನು ಒದಗಿಸಿ ಬೆಳೆಸಿ, ಹಾರಲು ಬಿಟ್ಟರು. ಅವುಗಳ ಬಳಿ ತಂದೆತಾಯಿಗಳಿರಲಿಲ್ಲ. ಆದರೂ ಶರತ್ಕಾಲ ಬರುತ್ತಲೇ ಅವು ದಕ್ಷಿಣಕ್ಕೆ ಹೊರಟವು. 1999ರಲ್ಲಿ ಮೊದಲ ಹಕ್ಕಿಗಳು ಮರಳಿದವು. ಮರಳಿದುದು ಹುಟ್ಟಿದ ಸ್ಕಾಟ್ಲೆಂಡಿಗಲ್ಲ, ರೆಕ್ಕೆ ಬಿಚ್ಚಿ ಮೊದಲು ಹಾರಿದ ರಟ್ಲೆಂಡಿಗೆ! 2001ರಲ್ಲಿ ಅಲ್ಲಿ ಗೂಡು ಕಟ್ಟಿ ಮರಿಮಾಡಿದವು. ಹೊರಡಬೇಕಾದ ದಿಕ್ಕು ಹುಟ್ಟಿನಿಂದ ಬರುವ ವರ. ಮರಳಬೇಕಾದ ಮನೆ ಮಾತ್ರ ಕಣ್ಣಾರೆ ಕಂಡು ಕಲಿತ ಪಾಠ.

ಈ ಪಾಠಕ್ಕೆ ತೆರಬೇಕಾದ ಬೆಲೆ ದೊಡ್ಡದು. ಹೊರಟ ಮರಿಗಳಲ್ಲಿ ಹೆಚ್ಚಿನವು ಹಿಂದಿರುಗುವುದಿಲ್ಲ. ಸಾಗರ, ಮರುಭೂಮಿ, ಹಸಿವು ಇವುಗಳಿಗೆ ಕೆಲವು ಬಲಿಯಾದರೆ, ವಿದ್ಯುತ್ ತಂತಿಗೂ ಗುಂಡಿನೇಟಿಗೂ ಇನ್ನು ಕೆಲವು ತುತ್ತಾಗುತ್ತವೆ. ಹಿಂದೆ ಇಂತಹ ಸಾವು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಭೂಪಟದಲ್ಲಿ ಚುಕ್ಕೆಯೊಂದು ಒಂದೇ ಕಡೆ ನಿಂತರೆ, ಎಲ್ಲಿ ಏನಾಯಿತೆಂದು ಹುಡುಕಲು ಸಾಧ್ಯ. ಸ್ಕಾಟ್ಲೆಂಡಿನ ಗೂಡನ್ನಷ್ಟೇ ಕಾಯ್ದರೆ ಸಾಲದು, ಸ್ಪೇನಿನ ಜಲಾಶಯವೂ ಸೆನೆಗಲ್ಲಿನ ನದೀಮುಖವೂ ಸುರಕ್ಷಿತವಾಗಿರಬೇಕೆಂಬ ಅರಿವು ಈ ಚುಕ್ಕೆಗಳಿಂದ ಮೂಡಿದೆ. ಹಕ್ಕಿಗೆ ದೇಶದ ಗಡಿಗಳು ತಿಳಿಯವು. ಅದರ ರಕ್ಷಣೆಗೂ ಗಡಿಗಳು ಅಡ್ಡಬರಬಾರದು.

ಬದುಕುಳಿದ ಮರಿ ಮರುವರ್ಷವೂ ಆಫ್ರಿಕದಲ್ಲಿಯೇ ಉಳಿದು ಬೇಟೆಯಲ್ಲಿ ಪಳಗುತ್ತದೆ. ಸಾಮಾನ್ಯವಾಗಿ ಎರಡು ವರ್ಷ ತುಂಬಿದಾಗ, ಬೇಸಗೆಯ ಒಂದು ದಿನ, ಸರೋವರದ ಮೇಲೆ ಅದರ ನೆರಳು ಮತ್ತೆ ಸುಳಿಯುತ್ತದೆ. ಈ ಸಲ ದಾರಿಯನ್ನು ಅದು ಬಲ್ಲದು.